ಮುಹೂರ್ತದ ರವಿಕೆಗೆ ಯಾವ ಕತ್ತು?

ಮದುವೆ ಸೀರೆ ಮನೆಗೆ ಬಂದ ಮೇಲೆ ಮುಂದಿನ ಚರ್ಚೆ ಬ್ಲೌಸಿನದು. ಹುಡುಗಿಯ ಫೋನಿನಲ್ಲಿ ಅಷ್ಟರಲ್ಲಾಗಲೇ ರಾಶಿ ಚಿತ್ರಗಳು ಸೇರಿಕೊಂಡಿರುತ್ತವೆ. ಜೊತೆಗೊಂದು ಪಟ್ಟಿ: ಮೈಕಟ್ಟು ಪೇರ್ ಹಣ್ಣಿನ ಆಕಾರದ್ದಾದರೆ ಬೋಟ್ ನೆಕ್ ಹೊಲಿಸಿ, ಸೇಬಿನ ಆಕಾರದ್ದಾದರೆ ವಿ ನೆಕ್, ಹೆಗಲು ಅಗಲವಿದ್ದರೆ ಬೋಟ್ ನೆಕ್ ಬೇಡವೇ ಬೇಡ, ಕತ್ತು ಗಿಡ್ಡವಿದ್ದರೆ ಕಾಲರ್ ಹತ್ತಿರ ಸುಳಿಯಬೇಡಿ. ಇದನ್ನು ನಂಬಿ, ಸಾವಿರಾರು ರೂಪಾಯಿ ಸುರಿದು ಮಗ್ಗಂ ವರ್ಕ್ ಮಾಡಿಸಿ, ಧಾರೆಯ ಹೊತ್ತಿಗೆ ಜಾರುವ ಹೆಗಲನ್ನು ಎಳೆದುಕೊಳ್ಳುತ್ತಾ ಕೂತ ವಧುಗಳನ್ನು ನಾನು ಬಹಳ ನೋಡಿದ್ದೇನೆ. ಹಾಗಾಗಿ ಈ ಪಟ್ಟಿಯನ್ನೂ, ಅದರ ಬೆನ್ನಿಗೆ ನಡೆಯುವ ನಮ್ಮ ಹೊಲಿಗೆಯ ಪದ್ಧತಿಯನ್ನೂ ಸ್ವಲ್ಪ ಬಿಗಿಯಾಗಿಯೇ ಪರೀಕ್ಷಿಸಬೇಕು ಅನಿಸಿದೆ.

ಪಟ್ಟಿ ಪೂರ್ತಿ ಸುಳ್ಳಲ್ಲ. ಬಿಳಿ ಗೌನಿಗೆ ಅದರ ಲೆಕ್ಕಾಚಾರ ಬಹುಮಟ್ಟಿಗೆ ಹೊಂದುತ್ತದೆ. ಗೌನಿನಲ್ಲಿ ಕತ್ತಿನ ಗೆರೆಯ ಮೇಲೆ ಇನ್ನೊಂದು ಬಟ್ಟೆ ಬರುವುದಿಲ್ಲ. ಎಡ ಬಲ ಎರಡೂ ಒಂದೇ ಸಮನೆ ಕಾಣುತ್ತವೆ, ಒಡವೆಯೂ ಕಡಿಮೆ. 1947ರಲ್ಲಿ ರಾಜಕುಮಾರಿ ಎಲಿಜಬೆತ್‌ಗೆ ನಾರ್ಮನ್ ಹಾರ್ಟ್‌ನೆಲ್ ಹೊಲಿದುಕೊಟ್ಟ ಹೃದಯಾಕಾರದ ಕತ್ತು, 1956ರಲ್ಲಿ ಗ್ರೇಸ್ ಕೆಲ್ಲಿಗಾಗಿ ಹೆಲೆನ್ ರೋಸ್ ಮಾಡಿದ ಕೊರಳು ಮುಚ್ಚುವ ಲೇಸಿನ ಮೇಲುಡುಪು, 2018ರಲ್ಲಿ ಮೇಗನ್ ಮಾರ್ಕಲ್ ತೊಟ್ಟ ಜಿವಾಂಶಿಯ ಅಗಲ ಬೋಟ್ ನೆಕ್: ಮೂರರಲ್ಲೂ ಮೊದಲು ಕಣ್ಣು ಹೋಗುವುದು ಕತ್ತಿನ ಗೆರೆಗೇ, ಆಮೇಲೆ ಮುಖಕ್ಕೆ. ಅಲ್ಲಿ ಕತ್ತಿನ ಆಕಾರವನ್ನೇ ಮೊದಲ ಪ್ರಶ್ನೆ ಮಾಡಿಕೊಳ್ಳುವುದು ಸರಿ. ಮಂಗಳೂರಿನ ಕ್ಯಾಥೊಲಿಕ್ ವಧು ಚರ್ಚಿಗೆ ಗೌನ್ ತೊಟ್ಟು ಹೋದಾಗ ಈ ಪಟ್ಟಿ ಅವಳ ಕೈಹಿಡಿಯುತ್ತದೆ. ಅವಳೇ ಆಮೇಲೆ ಕೆಂಪು ಸಾಡೊ ಸೀರೆ ಉಟ್ಟಳೆಂದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಈಗ ಸೆರಗು ಬಂದಿದೆ.

ಸೆರಗು ಬಲ ಸೊಂಟದಿಂದ ಎದ್ದು ಎಡ ಹೆಗಲಿಗೆ ಓರೆಯಾಗಿ ಹತ್ತುತ್ತದೆ. ನೆರಿಗೆ ಹಿಡಿದು ಪಿನ್ ಮಾಡಿದರಂತೂ ಜರಿಯ ಅಂಚು ಎದೆಯ ಮೇಲೆ ಕತ್ತರಿಸಿದ ಗೆರೆಯ ಹಾಗೆ ನಿಲ್ಲುತ್ತದೆ. ಆ ಗೆರೆಯ ಎಡಕ್ಕೆ ಬ್ಲೌಸಿನ ಕತ್ತು ಹೇಗಿದ್ದರೂ ಕಾಣುವುದು ಅಷ್ಟಕ್ಕಷ್ಟೆ. ಕಾಣುವುದು ಬಲಭಾಗದ ಅರ್ಧ, ಬಲ ಹೆಗಲು, ಬಲತೋಳು. ವಿ ನೆಕ್ ಕೊರಳನ್ನು ಉದ್ದವಾಗಿ ತೋರಿಸುತ್ತದೆ ಎನ್ನುವ ಮಾತು ಇಲ್ಲಿ ಅರ್ಧ ಅನಾವಶ್ಯಕ. ಸೆರಗಿನ ಓರೆ ಆ ಕೆಲಸವನ್ನು ಆಗಲೇ ಮಾಡಿಟ್ಟಿದೆ. ಅದರ ಕೆಳಗೆ ಇನ್ನೊಂದು ವಿ ಕೂರಿಸಿದರೆ ಎರಡು ಓರೆಗಳು ಒಂದನ್ನೊಂದು ಹಾಯ್ದು, ನೋಡುವ ಕಣ್ಣಿಗೆ ಗಲಿಬಿಲಿ. ಸೆರಗಿನ ಓರೆಗೆ ಎದುರಾಗಿ ಒಂದು ಮೃದುವಾದ ದುಂಡು ಅಥವಾ ನೇರವಾದ ಚೌಕ ಬಂದಾಗ ಎರಡೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ನನ್ನ ಕಣ್ಣಿಗೆ ಕಂಚಿ ರೇಷ್ಮೆಯ ಅಗಲ ಅಂಚಿಗೆ ಚೌಕ ಕತ್ತು ಒಪ್ಪುವಷ್ಟು ಬೇರಾವುದೂ ಒಪ್ಪುವುದಿಲ್ಲ. ಮೈಸೂರು ರೇಷ್ಮೆಯ ಜಾರುವ ಕ್ರೇಪಿಗೆ ದುಂಡು.

ಇನ್ನು ಒಡವೆ. ಅಡ್ಡಿಕೆ ಕೊರಳಿಗೆ ಅಂಟಿಕೊಂಡು ಕೂರುತ್ತದೆ, ಕಾಸಿನ ಸರ ಎದೆಯವರೆಗೆ ಇಳಿಯುತ್ತದೆ, ಲಕ್ಷ್ಮೀಹಾರ ಇನ್ನೂ ಕೆಳಗೆ. ಬೋಟ್ ನೆಕ್ ಬ್ಲೌಸಿನ ಮೇಲೆ ಅಡ್ಡಿಕೆ ಹಾಕಿದರೆ ಚಿನ್ನದ ಅರ್ಧ ಭಾಗ ಮೈಮೇಲೆ, ಅರ್ಧ ಬಟ್ಟೆಯ ಮೇಲೆ ಬಿದ್ದು ಎರಡರ ಅಂದವೂ ಕೆಡುತ್ತದೆ. ಮಗ್ಗಂ ವರ್ಕಿನ ಮಣಿಗಳು ಸರದ ಕೊಂಡಿಗೆ ಸಿಕ್ಕಿಕೊಳ್ಳುವುದು ಬೇರೆ. ಉದ್ದ ಸರಗಳೇ ಹೆಚ್ಚಿರುವ ಮನೆಯಲ್ಲಿ ಮಾತ್ರ ಬೋಟ್ ನೆಕ್ ಚೆನ್ನಾಗಿ ಬಾಳುತ್ತದೆ: ಬಟ್ಟೆಯ ಸಮತಟ್ಟಾದ ಹರವಿನ ಮೇಲೆ ಸರ ನೀಟಾಗಿ ಕೂರುತ್ತದೆ. ಆದ್ದರಿಂದ ಟೈಲರ್ ಹತ್ತಿರ ಹೋಗುವಾಗ ಫೋನಿನ ಚಿತ್ರಕ್ಕಿಂತ ಮೊದಲು ಮುಹೂರ್ತಕ್ಕೆ ಹಾಕುವ ಒಡವೆ ತೆಗೆದುಕೊಂಡು ಹೋಗಬೇಕು. ಬಂಗಾರ ಹೊತ್ತು ಬೀದಿಗೆ ಹೋಗುವುದು ಬೇಡವೆಂದರೆ ಒಂದು ದಾರವನ್ನು ಸರದಷ್ಟೇ ಉದ್ದಕ್ಕೆ ಕತ್ತರಿಸಿ ಕೊರಳಿಗೆ ಹಾಕಿಕೊಂಡು ಹೋದರೂ ನಡೆಯುತ್ತದೆ. ಇಷ್ಟು ಸುಲಭದ ಕೆಲಸವನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಒಡವೆ, ಸೆರಗು, ಕತ್ತು ಮೂರನ್ನೂ ಒಟ್ಟಿಗೆ ಯೋಚಿಸಿದ ಉಡುಗೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಕೊಡವ ವಧು ನೆರಿಗೆಯನ್ನು ಹಿಂದಕ್ಕೆ ಹಿಡಿದು, ಸೆರಗನ್ನು ಎಡ ತೋಳಿನ ಕೆಳಗಿಂದ ಎದೆಯ ಅಡ್ಡಕ್ಕೆ ತಂದು ಬಲ ಹೆಗಲ ಮೇಲೆ ಕಟ್ಟುತ್ತಾಳೆ. ಹಾಗಾಗಿ ಕೊರಳಿಂದ ಎದೆಯ ಮೇಲ್ಭಾಗದವರೆಗಿನ ಜಾಗ ತೆರೆದಿರುತ್ತದೆ. ಉದ್ದ ತೋಳಿನ ರವಿಕೆಯ ಆ ಹರವಿನ ಮೇಲೆ ಜೋಮಾಲೆ, ಪತ್ತಾಕ್, ಕೊಕ್ಕೆತಾತಿ ಒಂದರ ಕೆಳಗೊಂದು ಇಳಿಯುತ್ತವೆ. ರವಿಕೆಯಲ್ಲಿ ಕಸೂತಿಯ ಅಬ್ಬರವಿಲ್ಲ, ಒಡವೆಗೆ ಜಾಗ ಬಿಟ್ಟುಕೊಟ್ಟಿದೆ. ಉತ್ತರ ಕರ್ನಾಟಕದ ಗುಳೇದಗುಡ್ಡ ಖಣದ ಕುಪ್ಪಸವೂ ಹಾಗೆಯೇ. ಮುಂದೆ ಗಂಟು, ತೋಳಿಗೆ ಅಂಚು, ಕತ್ತು ಮಿತವಾಗಿ ತೆರೆದದ್ದು. ಗುಂಡಿನ ಸರ, ಬೋರಮಾಳ ಎರಡಕ್ಕೂ ನೆಲೆ ಸಿಗುತ್ತದೆ. ಯಾರದ್ದೇ ಮೈಕಟ್ಟಿರಲಿ, ಗಂಟನ್ನು ಬಿಗಿ ಮಾಡಿ ಸಡಿಲ ಮಾಡಿ ತಮಗೆ ಬೇಕಾದ ಹಾಗೆ ಕೂರಿಸಿಕೊಳ್ಳಬಹುದು. ದೇಹಕ್ಕೆ ಹೊಂದಿಕೊಳ್ಳುವ ಜವಾಬ್ದಾರಿಯನ್ನು ಬಟ್ಟೆಯೇ ಹೊತ್ತ ಜಾಣ್ಮೆ ಅದು. ಈಗಿನ ಪಟ್ಟಿಗಳು ಆ ಜವಾಬ್ದಾರಿಯನ್ನು ಹುಡುಗಿಯ ದೇಹದ ಮೇಲೆ ಹಾಕಿವೆ. ಅವಳ ಹೆಗಲು ಒಂದು ದೋಷ, ತೋಳು ಒಂದು ದೋಷ, ಕೊರಳು ಒಂದು ದೋಷ. ಒಂದೊಂದು ನೆಕ್ಕೂ ಒಂದೊಂದು ದೋಷಕ್ಕೆ ಪರಿಹಾರ. ಮದುವೆಯ ಹೊಸ್ತಿಲಲ್ಲಿ ನಿಂತ ಹುಡುಗಿಗೆ ಕೊಡುವ ಮಾತು ಇದಲ್ಲ.

ಅದೂ ಅಲ್ಲದೆ ಈ ಪರಿಹಾರಗಳ ಬುಡ ಅಷ್ಟೇನೂ ಗಟ್ಟಿಯಿಲ್ಲ. ಅಡ್ಡ ಗೆರೆ ದಪ್ಪ ಕಾಣಿಸುತ್ತದೆ ಎನ್ನುವುದು ಎಲ್ಲರ ಬಾಯಲ್ಲೂ ಇದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದಕ್ಕೆ ತದ್ವಿರುದ್ಧ ಹೇಳಿದ್ದ: ಅಡ್ಡ ಗೆರೆ ತುಂಬಿದ ಚೌಕ ಅಗಲಕ್ಕಿಂತ ಎತ್ತರವಾಗಿ ಕಾಣುತ್ತದೆ. 2011ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಮತ್ತು ಸಂಗಡಿಗರು ಹೆಂಗಸರ ಉಡುಪಿನ ಚಿತ್ರಗಳಿಟ್ಟು ಪರೀಕ್ಷಿಸಿದಾಗಲೂ ಅಡ್ಡ ಗೆರೆಯಿಂದ ದಪ್ಪ ಕಾಣುತ್ತದೆ ಎನ್ನುವುದು ನಿಲ್ಲಲಿಲ್ಲ. ಕತ್ತಿನ ಆಕಾರದ ಬಗ್ಗೆ ಅವರು ಏನೂ ಹೇಳಿದ್ದಲ್ಲ. ಆದರೂ ಎಲ್ಲರಿಗೂ ಗೊತ್ತಿರುವ ಮಾತು ಎಂಬ ಒಂದೇ ಕಾರಣಕ್ಕೆ ಹೆಗಲಗಲದ ಹುಡುಗಿಗೆ ಬೋಟ್ ನೆಕ್ ನಿಷೇಧಿಸುವ ಮೊದಲು ಕನ್ನಡಿಯ ಮುಂದೆ ಹಿಡಿದು ನೋಡುವುದು ಒಳ್ಳೆಯದು. ಅಗಲ ಹೆಗಲಿಗೆ ಬೋಟ್ ನೆಕ್ ರಾಜಗಾಂಭೀರ್ಯ ತಂದುಕೊಟ್ಟದ್ದನ್ನು ನಾನು ಕಂಡಿದ್ದೇನೆ.

ನನ್ನ ನಿಜವಾದ ತಕರಾರು ಇರುವುದು ಬೆನ್ನಿನ ಕಡೆ. ಮುಹೂರ್ತದ ಬ್ಲೌಸಿನ ಹಣವೆಲ್ಲ ಈಗ ಬ್ಯಾಕ್ ನೆಕ್ಕಿಗೆ ಹೋಗುತ್ತಿದೆ. ಪಾಟ್ ನೆಕ್ ತೆಗೆದು, ಸುತ್ತ ನವಿಲು, ಆನೆ, ಕಳಶ, ಕೆಲವೊಮ್ಮೆ ಪಲ್ಲಕ್ಕಿಯಲ್ಲಿ ಕೂತ ವಧುವಿನ ಚಿತ್ರವನ್ನೇ ಜರ್ದೋಜಿಯಲ್ಲಿ ತುಂಬಿಸುತ್ತಾರೆ. ಮುಹೂರ್ತಕ್ಕೆ ಆ ಬೆನ್ನಿನ ಮೇಲೆ ಏನು ಬರುತ್ತದೆ? ಮೊಗ್ಗಿನ ಜಡೆ. ಮಲ್ಲಿಗೆ ಮೊಗ್ಗು ಒತ್ತೊತ್ತಾಗಿ ಪೋಣಿಸಿದ ಆ ಜಡೆ ಕತ್ತಿನ ಬುಡದಿಂದ ಸೊಂಟದವರೆಗೆ ಇಳಿದಾಗ ನವಿಲಿನ ಕೊಕ್ಕು ಒಂದು ಬದಿಗೆ, ಬಾಲ ಒಂದು ಬದಿಗೆ ಇಣುಕುತ್ತದೆ. ಮುಂದಿನಿಂದ ಸುಗಂಧರಾಜದ ಹಾರ ಬಿದ್ದ ಮೇಲೆ ಫ್ರಂಟ್ ನೆಕ್ಕೂ ಮಾಯ. ಮೊಗ್ಗಿನ ಜಡೆ ಹಾಕುವ ನಿರ್ಧಾರವಿದ್ದರೆ ಕೆಲಸವನ್ನು ತೋಳಿಗೆ ಮಾಡಿಸುವುದೇ ವಿವೇಕ. ಧಾರೆಯಲ್ಲೂ ಆರತಕ್ಷತೆಯಲ್ಲೂ ಕ್ಯಾಮೆರಾಗೆ ಬಿಡದೆ ಕಾಣುವುದು ತೋಳಂಚು, ಮೆಹೆಂದಿ ಹಚ್ಚಿದ ಕೈಯ ಪಕ್ಕದಲ್ಲೇ ಇರುವ ಭಾಗ.

ಬ್ಯಾಕ್ ನೆಕ್ಕಿನ ಇನ್ನೊಂದು ತೊಂದರೆ ನೇರವಾಗಿ ಹೊಲಿಗೆಯದು. ಬ್ಲೌಸ್ ಹೆಗಲಿನ ಎರಡು ಪಟ್ಟಿಗಳ ಆಸರೆಯಲ್ಲಿ ನಿಂತಿರುತ್ತದೆ. ಮುಂದೆ ಆಳ, ಹಿಂದೆ ಆಳ, ಎರಡೂ ಕಡೆ ಅಗಲ ಎಂದು ಹೇಳಿಬಿಟ್ಟರೆ ಆ ಪಟ್ಟಿಗಳನ್ನು ಒಳಕ್ಕೆ ಹಿಡಿದಿಡಲು ಏನೂ ಉಳಿಯುವುದಿಲ್ಲ. ಅವು ಹೊರಕ್ಕೆ ಜಾರುತ್ತವೆ. ಹೆಗಲು ಇಳಿಜಾರಾಗಿರುವ ಹುಡುಗಿಗಂತೂ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಹಿಂದೆ ಹತ್ತು ಇಂಚು ಇಳಿಸಿದರೆ ಕತ್ತಿನ ಅಗಲ ಕಡಿಮೆ ಮಾಡಬೇಕು, ಇಲ್ಲವೇ ಮೇಲೊಂದು ಡೋರಿ ಕೊಟ್ಟು ಎರಡೂ ಪಟ್ಟಿಗಳನ್ನು ಎಳೆದು ಕಟ್ಟಬೇಕು. ಟ್ಯಾಸೆಲ್ ತೂಗುವ ಡೋರಿಯನ್ನು ಶೋಕಿ ಎಂದುಕೊಂಡವರಿದ್ದಾರೆ. ಅದು ಇಲ್ಲಿ ದುಡಿಯುವ ದಾರ. ಪಟ್ಟಿ ಕೇಳುವುದು ಹೆಗಲು ಅಗಲವೋ ಕಿರಿದೋ ಎಂದು. ಕೇಳಬೇಕಾದದ್ದು ಹೆಗಲು ಎಷ್ಟು ಇಳಿಜಾರು, ಎಡಕ್ಕೂ ಬಲಕ್ಕೂ ವ್ಯತ್ಯಾಸವಿದೆಯೇ ಎಂದು. ಬಹಳ ಜನರಿಗೆ ಒಂದು ಹೆಗಲು ಇನ್ನೊಂದಕ್ಕಿಂತ ಕೊಂಚ ಕೆಳಗಿರುತ್ತದೆ.

ನಮ್ಮ ಬೀದಿಯ ಹಳೆಯ ಟೈಲರ್ ಒಬ್ಬರಿಗೆ ಇದು ಅಂಗೈ ಗೆರೆಯಷ್ಟು ಪರಿಚಿತ. ನನ್ನ ಅಕ್ಕನ ಮಗಳನ್ನು ಕರೆದುಕೊಂಡು ಹೋದಾಗ ಅವರು ಅವಳ ಚಿತ್ರಗಳನ್ನು ನೋಡುವ ಗೋಜಿಗೇ ಹೋಗಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು, "ಸ್ವಲ್ಪ ಬಗ್ಗಮ್ಮ, ಹಿರಿಯರ ಕಾಲಿಗೆ ನಮಸ್ಕಾರ ಮಾಡೋ ಹಾಗೆ," ಎಂದರು. ಬಗ್ಗಿದಳು. ಹಾಕಿಕೊಂಡಿದ್ದ ಬ್ಲೌಸಿನ ಮುಂಗತ್ತು ಬಾಯಿ ಬಿಟ್ಟಿತು. "ಈಗ ಎರಡೂ ಕೈ ಮೇಲಕ್ಕೆ. ಮಾಲೆ ಹಾಕ್ಬೇಕಲ್ಲ, ಹುಡುಗನ್ನ ಸ್ನೇಹಿತರು ಮೇಲಕ್ಕೆ ಎತ್ತಿಬಿಟ್ರೆ ಏನ್ ಮಾಡ್ತೀಯಾ?" ಕೈ ಎತ್ತಿದಳು. ಬ್ಲೌಸ್ ಇಡಿಯಾಗಿ ಮೇಲಕ್ಕೆ ಹೋಯಿತು. ಅಕ್ಕ ಗಾಬರಿಯಾದಳು. ಅವರು ಚಾಕ್‌ಪೀಸ್ ತೆಗೆದು, ಕಂಕುಳ ಹತ್ತಿರ ಒಂದು ಗುರುತು ಹಾಕಿ, "ಆರ್ಮ್‌ಹೋಲ್ ತುಂಬ ಕೆಳಗಿದೆ ಅಕ್ಕಾ. ಇದನ್ನ ಮೇಲಕ್ಕೆ ತಗೊಂಡ್ರೆ ಕೈ ಎತ್ತಿದ್ರೂ ಬಟ್ಟೆ ಜಾಗ ಬಿಡಲ್ಲ. ನೆಕ್ಕು ಆಮೇಲೆ ನೋಡೋಣ," ಎಂದರು. ಮುಂಗತ್ತಿನ ಅಂಚಿನಲ್ಲಿ ಮಿಕ್ಕಿದ್ದ ಸಡಿಲವನ್ನು ಪ್ರಿನ್ಸೆಸ್ ಕಟ್ಟಿನ ಹೊಲಿಗೆಯೊಳಗೆ ಎಳೆದುಕೊಂಡರು. ಕತ್ತಿನ ಆಳವನ್ನು ಒಂದಿಷ್ಟೂ ಕಡಿಮೆ ಮಾಡದೆಯೇ ಅದು ಮೈಗೆ ಕೂತಿತು.

ಎಲ್ಲ ಕಡೆ ಹೀಗೆ ಆಗುವುದಿಲ್ಲ, ಅದಕ್ಕೆ ಕಾರಣ ಕೆಲಸದ ಕ್ರಮದಲ್ಲೇ ಇದೆ. ಮಗ್ಗಂ ವರ್ಕನ್ನು ಬ್ಲೌಸ್ ಹೊಲಿದ ಮೇಲೆ ಮಾಡುವುದಲ್ಲ. ಬಟ್ಟೆಯನ್ನು ಕತ್ತರಿಸುವ ಮೊದಲೇ ಅಳತೆಯಂತೆ ಕತ್ತಿನ ಗುರುತು ಹಾಕಿ, ಮರದ ಚೌಕಟ್ಟಿಗೆ ಬಿಗಿದು, ಆರಿ ಸೂಜಿಯಲ್ಲಿ ಮಣಿ, ಜರ್ದೋಜಿ, ಕುಂದನ್ ಕೂರಿಸುತ್ತಾರೆ. ಆಮೇಲೆ ಅದು ಟೈಲರ್ ಕೈಗೆ ಬರುತ್ತದೆ. ಅಂದರೆ ಕತ್ತಿನ ಆಕಾರ, ಆಳ, ಅಗಲ ಮೂರೂ ಹುಡುಗಿ ಒಮ್ಮೆಯಾದರೂ ತೊಟ್ಟು ನೋಡುವ ಮೊದಲೇ ಮುಗಿದುಹೋದ ತೀರ್ಮಾನ. ಟ್ರಯಲ್ಲಿನ ದಿನ ಕತ್ತು ಅರ್ಧ ಇಂಚು ಹೆಚ್ಚಾಗಿದೆ ಎಂದು ಗೊತ್ತಾದರೆ ಮಾಡುವುದಕ್ಕೇನೂ ಇಲ್ಲ. ಮಣಿಯ ಸಾಲನ್ನು ಕತ್ತರಿಸಲು ಬರುವುದಿಲ್ಲ, ಬಟ್ಟೆ ಸೇರಿಸಲೂ ಬರುವುದಿಲ್ಲ. ಜರ್ದೋಜಿಯ ತೂಕಕ್ಕೆ ಕತ್ತಿನ ಅಂಚು ಜೋಲುವುದೂ ಉಂಟು, ಒಳಗೆ ಕ್ಯಾನ್ವಾಸ್ ಕೊಡದಿದ್ದರೆ. ಇಷ್ಟು ದುಬಾರಿ ಬಟ್ಟೆಯನ್ನು ಕಣ್ಣುಮುಚ್ಚಿ ತೀರ್ಮಾನಿಸುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಗೌನ್ ಹೊಲಿಯುವವರಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಒಳ್ಳೆಯ ಗೌನನ್ನು ಅವರು ಮೊದಲು ಅಗ್ಗದ ಹತ್ತಿ ಬಟ್ಟೆಯಲ್ಲಿ ಹೊಲಿದು, ವಧುವಿಗೆ ತೊಡಿಸಿ, ಪಿನ್ ಚುಚ್ಚಿ, ಗೆರೆ ಎಳೆದು, ಬಿಚ್ಚಿ, ಅದನ್ನೇ ಅಚ್ಚು ಮಾಡಿಕೊಂಡು ರೇಷ್ಮೆಗೆ ಕತ್ತರಿ ಹಾಕುತ್ತಾರೆ. ಮಗ್ಗಂ ವರ್ಕಿಗೆ ಇಷ್ಟು ಖರ್ಚು ಮಾಡುವ ಮನೆಯಲ್ಲಿ ಒಂದು ಮೀಟರ್ ಲೈನಿಂಗ್ ಬಟ್ಟೆಯ ಟ್ರಯಲ್ ಬ್ಲೌಸಿಗೆ ಎಷ್ಟು ಆಗುತ್ತದೆ? ಅದನ್ನು ತೊಟ್ಟು, ಮೇಲೆ ಯಾವುದಾದರೂ ಹಳೆಯ ರೇಷ್ಮೆ ಸೀರೆ ಉಟ್ಟು, ದಾರದ ಸರ ಹಾಕಿಕೊಂಡು ಹುಡುಗಿ ಮಣೆಯ ಮೇಲೆ ಕೂರಲಿ. ಬಗ್ಗಲಿ, ಏಳಲಿ, ಕೈ ಎತ್ತಲಿ. ಕತ್ತು ಎಲ್ಲಿ ನಿಲ್ಲಬೇಕು ಎಂದು ಅವಳ ಕೈಯೇ ತೋರಿಸುತ್ತದೆ: ಅವಳು ಎಳೆದುಕೊಳ್ಳುವ ಜಾಗ ಯಾವುದೋ ಅದು ತಪ್ಪಿದ ಜಾಗ. ಆ ಟ್ರಯಲ್ ಬ್ಲೌಸಿನ ಗೆರೆಯನ್ನೇ ಮಗ್ಗಂ ಕೆಲಸದವರಿಗೆ ಕೊಡಬೇಕು, ಫೋನಿನ ಚಿತ್ರವನ್ನಲ್ಲ.

ಹೀಗೆ ನೋಡಿದ ಮೇಲೆ ಆಕಾರದ ಆಯ್ಕೆ ಉಳಿಯುತ್ತದೆ, ಅದು ಹುಡುಗಿಯ ಇಷ್ಟಕ್ಕೆ ಬಿಟ್ಟದ್ದು. ನನ್ನ ಒಲವನ್ನು ಕೇಳಿದರೆ ಪಾಟ್ ನೆಕ್ಕಿಗೆ ಬೆನ್ನಿನ ಕಡೆ ಒಳ್ಳೆಯ ಅಂಕ ಕೊಡುತ್ತೇನೆ. ಕೆಳಗೆ ಹರಡಿಕೊಂಡರೂ ಮೇಲೆ ಕಿರಿದಾಗುವುದರಿಂದ ಹೆಗಲು ಜಾರುವುದಿಲ್ಲ. ಸ್ವೀಟ್‌ಹಾರ್ಟ್ ನೆಕ್ ಸೀರೆಯ ಜೊತೆ ನನಗೆ ಹಿಡಿಸಿಲ್ಲ, ಅದರ ನಡುವಿನ ಮೊನೆ ಸೆರಗಿನ ಕೆಳಗೆ ಹೂತುಹೋಗಿ ಬಲಗಡೆಯ ಒಂಟಿ ಬಾಗು ಮಾತ್ರ ಉಳಿಯುತ್ತದೆ. ಮೈಬಣ್ಣದ ನೆಟ್ ಹಾಕಿ ಕತ್ತು ಮುಚ್ಚುವುದು ಆರತಕ್ಷತೆಯ ದೀಪದ ಬೆಳಕಿಗೆ ಸರಿ. ಹೋಮದ ಬಿಸಿಗೆ ಬೆವರಿದಾಗ ನೆಟ್ಟಿನ ಬಣ್ಣ ಬೇರೆ, ಮೈಬಣ್ಣ ಬೇರೆ ಎಂದು ಎದ್ದು ಕಾಣುತ್ತದೆ, ತುರಿಕೆ ಬೇರೆ. ಕಾಲರ್ ನೆಕ್ ಕೈಮಗ್ಗದ ಸೀರೆಗೆ ಬಹಳ ಚೆಂದ, ಆದರೆ ಮಾಂಗಲ್ಯಧಾರಣೆಯ ಹೊತ್ತಿಗೆ ನಾದಿನಿ ಜಡೆ ಎತ್ತಿ ಹಿಡಿದಾಗ ಕಾಲರಿನೊಳಗೆ ಅರಿಶಿನದ ದಾರ ಸಿಕ್ಕಿಕೊಳ್ಳುತ್ತದೆ. ಮುಹೂರ್ತಕ್ಕೆ ಕೊರಳಿನ ಬುಡ ಬಿಡುವಾಗಿರಲಿ.

ಟೈಲರ್‌ಗೆ ಕೊನೆಯದಾಗಿ ಹೇಳಬೇಕಾದ ಮಾತು ಬದಿಯ ಹೊಲಿಗೆಯ ಬಗ್ಗೆ. ಮದುವೆಗೆ ಮುಂಚಿನ ಓಡಾಟದಲ್ಲಿ ಹುಡುಗಿ ಸೊರಗುವುದೂ ಉಂಟು, ನೆಂಟರ ಮನೆಯ ಊಟದಲ್ಲಿ ತುಂಬಿಕೊಳ್ಳುವುದೂ ಉಂಟು. ಕತ್ತಿನ ಕೆಲಸವನ್ನು ಆಮೇಲೆ ಮುಟ್ಟಲು ಬರುವುದಿಲ್ಲವಾದ್ದರಿಂದ ಎರಡೂ ಬದಿಗೆ ಒಂದೊಂದು ಇಂಚಿನಷ್ಟು ಬಟ್ಟೆ ಒಳಗೆ ಬಿಡಿಸಿಕೊಳ್ಳಬೇಕು, ಹುಕ್ಕಿಗೆ ಎರಡು ಸಾಲು ಕಾಜಾ ಹಾಕಿಸಬೇಕು.