ಹಂದಿಮಾಂಸದ ಗುಣದೋಷವಿವೇಕ

ಹಂದಿಯ ವಂಶಭೇದಕ್ಕೂ ಅದರ ಮಾಂಸದ ಗುಣಕ್ಕೂ ಇರುವ ಸಂಬಂಧವನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ವಿಪುಲವಾದ ಶೋಧನೆ ನಡೆದಿದೆ. ಅದರ ಫಲವನ್ನು ಕನ್ನಡದಲ್ಲಿ ಹೇಳಹೊರಟವರು ‘ಗುಣಮಟ್ಟ’ ಎಂಬ ಒಂದೇ ಶಬ್ದದಿಂದ ಕಾರ್ಯವನ್ನು ತೀರಿಸಿಕೊಳ್ಳುವುದುಂಟು. ಇದು ವಿಚಾರಾರ್ಹವಾದುದು. ವೈಶೇಷಿಕರ ಗುಣವು ದ್ರವ್ಯವನ್ನು ಆಶ್ರಯಿಸಿದ ಧರ್ಮ ಮಾತ್ರ. ಅದರಲ್ಲಿ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಆಲಂಕಾರಿಕರ ಗುಣವಾದರೋ ದೋಷಕ್ಕೆ ಎದುರಾಗಿ ನಿಂತುದು. ಈ ಎರಡು ಅರ್ಥಗಳನ್ನು ಬೆರಸಿದರೆ ಶಬ್ದ ಮಾತ್ರವಲ್ಲ, ಶಾಸ್ತ್ರವೂ ಕದಡಿಹೋಗುತ್ತದೆ. ಎರಡು ನಿದರ್ಶನಗಳಿಂದ ಇದು ವಿಶದವಾಗುವುದು.

ಮೊದಲನೆಯದು ಹ್ಯಾಲೋಥೇನ್ ಪ್ರಕರಣ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕೊಬ್ಬನ್ನು ತೊರೆದು ಬರಿಯ ಮಾಂಸವನ್ನೇ ಬಯಸುವವರು ಹೆಚ್ಚಲು, ಸಾಕಣೆಗಾರರು ಮೈತುಂಬ ಮಾಂಸವುಳ್ಳ ಹಂದಿಗಳನ್ನೇ ಆರಿಸಿ ಬೆಳೆಸಿದರು. ಬೆಲ್ಜಿಯಂ ದೇಶದ ಪಿಯೆಟ್ರೇನ್ ತಳಿಯು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಇಂತಹ ತಳಿಗಳಲ್ಲಿ ಕೆಲವು ಹಂದಿಗಳು ಸಾಗಿಸುವಾಗಲೂ ಅಟ್ಟುವಾಗಲೂ ಹಠಾತ್ತಾಗಿ ಸಾಯುತ್ತಿದ್ದುವು; ಅವುಗಳ ಮಾಂಸವು ಬಿಳಿಚಿ, ಮೆತ್ತಗಾಗಿ, ನೀರು ಸುರಿಸುತ್ತಿತ್ತು. ಹ್ಯಾಲೋಥೇನ್ ಎಂಬ ಮೂರ್ಛೆಯ ಔಷಧವನ್ನು ಮೂಸಿಸಿ, ಸೆಟೆದುಕೊಳ್ಳುವ ಮರಿಗಳನ್ನು ಗುರುತಿಸುವ ಪರೀಕ್ಷೆಯನ್ನು 1974ರಲ್ಲಿ ಐಕೆಲೆನ್‌ಬೂಮ್ ಮತ್ತು ಮಿಂಕೆಮ ಎಂಬ ಡಚ್ ವಿದ್ವಾಂಸರು ಪ್ರಕಟಿಸಿದರು. ಇದರ ಮೂಲವನ್ನು 1991ರಲ್ಲಿ ಫುಜೀ ಮೊದಲಾದವರು ಕಂಡುಹಿಡಿದರು. ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹೊರಬರುವ ದ್ವಾರವನ್ನು ನಿರ್ಮಿಸುವ ವಂಶವಾಹಿಯ 1843ನೆಯ ಅಕ್ಷರವೊಂದು ಪಲ್ಲಟವಾಗಿ, 615ನೆಯ ಸ್ಥಾನದಲ್ಲಿ ಆರ್ಜಿನೀನ್ ಇರಬೇಕಾದೆಡೆ ಸಿಸ್ಟೀನ್ ಬಂದಿತ್ತು. ಐದು ತಳಿಗಳಲ್ಲಿಯೂ ಈ ಪಾಠಾಂತರದ ನೆರೆಹೊರೆ ಒಂದೇ ಆಗಿದ್ದುದರಿಂದ, ಅದು ಒಂದೇ ಪೂರ್ವಜಪ್ರಾಣಿಯಿಂದ ಇಳಿದುಬಂದಿತೆಂದು ಊಹಿಸಲಾಯಿತು. ಒಂದು ಮಾತೃಕೆಯ ಲೇಖನಪ್ರಮಾದವು ಅದರಿಂದ ಹುಟ್ಟಿದ ಪ್ರತಿಗಳಿಗೆಲ್ಲ ಹರಡುವ ಬಗೆಯನ್ನು ಗ್ರಂಥಸಂಪಾದಕರು ಬಲ್ಲರು.

ಎರಡನೆಯದು ಆರ್.ಎನ್. ಪ್ರಕರಣ. ಫ್ರಾನ್ಸಿನಲ್ಲಿ ಮಾಂಸವನ್ನು ಉಪ್ಪುಗೊಳಿಸಿ ಬೇಯಿಸಿದ ಮೇಲೆ ಉಳಿಯುವ ತೂಕದ ಪ್ರಮಾಣಕ್ಕೆ ‘ನಪೋಲ್ ಪ್ರಾಪ್ತಿ’ ಎಂದು ಹೆಸರು; ನವೋ, ಪೊಮೆರೆ, ಲೆಶೋ ಎಂಬ ಮೂವರ ನಾಮಾದ್ಯಕ್ಷರಗಳಿಂದ ಕಟ್ಟಿದ ಪದವಿದು. ಹ್ಯಾಂಪ್‌ಷೈರ್ ತಳಿಯ ಹಂದಿಗಳಲ್ಲಿ ಈ ಪ್ರಾಪ್ತಿ ಕಡಮೆಯಾಗಿದ್ದಿತು. 2000ದಲ್ಲಿ ಮಿಲಾನ್ ಮೊದಲಾದವರು ಇದರ ಕಾರಣವನ್ನು ಪಿಆರ್‌ಕೆಎಜಿ3 ಎಂಬ ವಂಶವಾಹಿಯಲ್ಲಿ ತೋರಿಸಿದರು. ಆ ಪಾಠಾಂತರವುಳ್ಳ ಹಂದಿಯ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟವು ಸುಮಾರು ಶೇಕಡ 70ರಷ್ಟು ಹೆಚ್ಚಾಗಿರುತ್ತದೆ.

ಎರಡು ಕಡೆಯೂ ಕಾಣುವುದು ನೀರು ಸುರಿಸುವ ಮಾಂಸವೇ. ಆದರೆ ಕಾರ್ಯಸಾಮ್ಯದಿಂದ ಕಾರಣಸಾಮ್ಯವು ಸಿದ್ಧಿಸದು. ಕೊಂದ ಬಳಿಕ ಸ್ನಾಯುವಿನ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು, 7ರ ಆಸುಪಾಸಿನಲ್ಲಿದ್ದ ಪಿ.ಎಚ್. ಮಾನವು ಮರುದಿನದೊಳಗೆ ಸುಮಾರು 5.6ಕ್ಕೆ ಇಳಿಯುವುದು ಸ್ವಾಭಾವಿಕ. ಹ್ಯಾಲೋಥೇನ್ ಪ್ರಕರಣದಲ್ಲಿ ಇಳಿತದ ವೇಗವೇ ಅತಿಯಾದುದು: ಮುಕ್ಕಾಲು ಗಂಟೆಯೊಳಗೆ, ಮೈಬಿಸಿ ಆರುವ ಮೊದಲೇ, ಮಾನವು 6ಕ್ಕಿಂತ ಕೆಳಗಾಗಿ ಸಸಾರಜನಕಗಳು ಕೆಡುತ್ತವೆ. ಆರ್.ಎನ್. ಪ್ರಕರಣದಲ್ಲಿ ವೇಗವು ಸಹಜವೇ. ಸಾಮಗ್ರಿ ಹೆಚ್ಚಾಗಿರುವುದರಿಂದ ಇಳಿತದ ಕೊನೆ ಮಾತ್ರ ಆಳವಾದುದು. ಒಂದರಲ್ಲಿ ತ್ವರೆಯ ದೋಷ, ಇನ್ನೊಂದರಲ್ಲಿ ಅವಧಿಯ ದೋಷ. ಎರಡನ್ನೂ ‘ಕಳಪೆ ಗುಣಮಟ್ಟ’ ಎಂದು ಒಂದೇ ಗಂಟಿನಲ್ಲಿ ಕಟ್ಟುವುದು ಯುಕ್ತವಲ್ಲ.

ಇಲ್ಲಿ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಮಾಡಿರುವ ವಿವೇಚನೆ ನೆರವಾಗುತ್ತದೆ. ಶ್ರುತಿಕಟುತ್ವವು ಶೃಂಗಾರದಲ್ಲಿ ಹೇಯ, ರೌದ್ರದಲ್ಲಿ ಅಲ್ಲ; ಆದುದರಿಂದ ಅದು ಅನಿತ್ಯದೋಷ. ಆರ್.ಎನ್. ಮಾಂಸವೂ ಇಂತಹುದೇ. ಬೇಯಿಸಿದ ಹ್ಯಾಮ್ ಮಾಡುವವನಿಗೆ ಅದು ನಷ್ಟ. ಆದರೆ 1996ರಲ್ಲಿ ಪ್ರಕಟವಾದ ಸ್ವೀಡನ್ನಿನ ಪರೀಕ್ಷೆಯಲ್ಲಿ ಅದರ ರುಚಿಯೂ ವಾಸನೆಯೂ ಹೆಚ್ಚೆಂದೂ, ಕೊಯ್ತಕ್ಕೆ ಮೃದುವೆಂದೂ ಕಂಡುಬಂದಿತು. ಹ್ಯಾಲೋಥೇನ್ ಪ್ರಕರಣದ ಮಾಂಸವಾದರೋ ಬೇಯಿಸುವವನಿಗೂ ತಿನ್ನುವವನಿಗೂ ಒದಗದು. ಪ್ರಾಣಿಗಂತೂ ಆ ಪಾಠಾಂತರವು ಮೃತ್ಯುವೇ. ತೂಕವನ್ನು ಎಣಿಸುವವನ ಕಣ್ಣಿಗೆ ಮಾತ್ರ ಅದು ಗುಣವಾಗಿ ತೋರಿತು. ಒಬ್ಬ ತಾಯಿತಂದೆಯಿಂದ ಮಾತ್ರ ಅದನ್ನು ಪಡೆದ ಹಂದಿಯು ಹ್ಯಾಲೋಥೇನಿಗೆ ಸಾಮಾನ್ಯವಾಗಿ ಸೆಟೆಯದೆ, ಮಾಂಸವನ್ನು ಹೆಚ್ಚಾಗಿ ಕೊಡುತ್ತಿದ್ದುದರಿಂದ, 1991ರ ವರೆಗೂ ಆ ದೋಷವು ಗುಣದ ವೇಷದಲ್ಲಿಯೇ ಉಳಿದುಬಂದಿತು. ‘ಯಾರಿಗೆ ಗುಣ?’ ಎಂದು ಕೇಳದೆ ಬಿಟ್ಟುದರ ಬೆಲೆಯನ್ನು ತೆತ್ತುದು ಮೂಕಪ್ರಾಣಿ.

ವಂಶವೇ ಸರ್ವಸ್ವವೆಂಬುದೂ ಸಾಧುವಲ್ಲ. ಈ ಪಾಠಾಂತರಗಳಿಲ್ಲದ ಹಂದಿಯನ್ನೂ ಕೊಲ್ಲುವ ಮುನ್ನ ಹೊಡೆದು ಬೆದರಿಸಿದರೆ ಅದರ ಮಾಂಸವು ಬಿಳಿಚಬಹುದು. ಚರಕಸಂಹಿತೆಯು ವರಾಹಮಾಂಸವನ್ನು ಸ್ನಿಗ್ಧವೆಂದೂ ಬಲಕರವೆಂದೂ ಹೇಳಿ ಅಷ್ಟಕ್ಕೇ ನಿಲ್ಲದೆ, ಮಾಂಸವನ್ನು ಪರೀಕ್ಷಿಸುವವನು ಪ್ರಾಣಿಯು ಮೇಯುವ ನೆಲ, ಮಾಂಸದ ಅಂಗ, ಗಂಡುಹೆಣ್ಣೆಂಬ ಭೇದ, ಮೈಯ ಅಳತೆ, ಅಡುಗೆಯ ಸಂಸ್ಕಾರ ಮುಂತಾದುವನ್ನೂ ನೋಡಬೇಕೆಂದು ವಿಧಿಸಿದೆ. ಪಾಠಾಂತರಗಳನ್ನು ಚರಕನು ಅರಿಯನು. ಆದರೆ ಏಕಕಾರಣವಾದದಲ್ಲಿ ಅವನು ಬೀಳಲಿಲ್ಲ.

ಆದುದರಿಂದ ಬಣ್ಣ, ಆಮ್ಲತೆ, ನೀರು ಹಿಡಿಯುವ ಶಕ್ತಿ ಇವನ್ನು ‘ಮಾಂಸಧರ್ಮ’ಗಳೆಂದು ಕರೆದು, ‘ಗುಣ’ ‘ದೋಷ’ ಶಬ್ದಗಳನ್ನು ಪ್ರಯೋಜನವನ್ನು ಹೇಳಿದ ಮೇಲೆಯೇ ಪ್ರಯೋಗಿಸುವುದು ಕನ್ನಡದ ಶಾಸ್ತ್ರಲೇಖಕರಿಗೆ ಉಚಿತ. ವಂಶವಾಹಿಯು ಧರ್ಮವನ್ನು ಕೊಡುತ್ತದೆ. ಗುಣವೆಂಬ ತೀರ್ಪನ್ನು ಕೊಡುವವನು ಮನುಷ್ಯನು, ಅದರ ಹೊಣೆಯೂ ಅವನದೇ.