ಉದುರಿದ ಹಲ್ಲು ಮತ್ತು ಮುಟ್ಟದ ವಿಮರ್ಶೆ

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಅಂಗಡಿಯೊಂದರ ಬೆಂಚಿನ ಮೇಲೆ ಕೂತು ಕಂಪ್ಲಿ ಕಡೆಯ ಹುಡುಗನೊಬ್ಬ ಪತ್ರಿಕೆಯ ತುಣುಕೊಂದನ್ನು ನನ್ನ ಮುಂದೆ ಬಿಚ್ಚಿಟ್ಟ. ಅವನ ಮೊದಲ ಕವನ ಸಂಕಲನದ ವಿಮರ್ಶೆ ಅದು. ಎಂಟೇ ಸಾಲು. ಇದು ಕವಿತೆಯಲ್ಲ, ಅರ್ಜಿ; ಕವಿಗೆ ಸಿಟ್ಟಿದೆ, ಸಂಯಮವಿಲ್ಲ; ಭಾಷೆ ಇನ್ನೂ ಮಾಗಬೇಕು. ಇಷ್ಟೇ. ಪುಸ್ತಕದ ಒಂದು ಸಾಲನ್ನೂ ಎತ್ತಿ ತೋರಿಸಿರಲಿಲ್ಲ. ಭತ್ತದ ಗದ್ದೆಗೆ ನಾಟಿ ಕೂಲಿಗೆ ಹೋಗುವ ಅವ್ವ ಸಂಘದಲ್ಲಿ ಸಾಲ ಎತ್ತಿಕೊಟ್ಟು ಅಚ್ಚು ಹಾಕಿಸಿದ ಪುಸ್ತಕ. "ಇನ್ನ ಬರಿಯೋದು ಬಿಡ್ತೀನಣ್ಣ, ಇದು ನಮ್ಮಂಥೋರಿಗಲ್ಲ" ಅಂದ. "ಹಂಗನಬ್ಯಾಡ ತಮ್ಮಾ, ಬರಿ" ಅಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವತ್ತು ಕೊಡಬೇಕಿದ್ದ ಉತ್ತರವನ್ನು ಈಗ ಇಲ್ಲಿ ಬರೆಯಲು ನೋಡುತ್ತಿದ್ದೇನೆ.

ಇಂಥ ಹೊತ್ತಿನಲ್ಲಿ ಹಿರಿಯರು ಹೇಳುವ ಮಾತು ಒಂದಿದೆ: ಕಟುವಿಮರ್ಶೆ ಎಲ್ಲರಿಗೂ ಬರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಮಾತು ಸುಳ್ಳಲ್ಲ. ಆದರೆ ಅದು ಎಲ್ಲರಿಗೂ ಒಂದೇ ಥರ ಕೇಳಿಸುವುದಿಲ್ಲ. ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಪುಸ್ತಕವಿದ್ದವನಿಗೆ 'ನಿನ್ನ ಪುಸ್ತಕ ಚೆನ್ನಾಗಿಲ್ಲ' ಎಂದರೆ ಪುಸ್ತಕವಷ್ಟೇ ಚೆನ್ನಾಗಿಲ್ಲ. ಕೇರಿಯ ಹುಡುಗನಿಗೆ ಅದೇ ಮಾತು 'ನಿನಗೆ ವಿದ್ಯೆ ಹತ್ತುವುದಿಲ್ಲ' ಎಂದು ಶಾಲೆಯ ಹಿಂದಿನ ಸಾಲಿನಲ್ಲಿ ಕೇಳಿದ ಮಾತಿನ ಮುಂದುವರಿಕೆಯಾಗಿ ಕೇಳಿಸುತ್ತದೆ. ಹಾಗಂತ ನಮ್ಮ ಬರಹದ ಬಗ್ಗೆ ಬಂದ ಪ್ರತಿಯೊಂದು ತಕರಾರನ್ನೂ ಮೇಲ್ಜಾತಿಯ ಹುನ್ನಾರ ಎಂದು ತಳ್ಳಿಬಿಟ್ಟರೆ? ಅದೂ ಸೋಲೇ. ಕೆಟ್ಟ ಪದ್ಯ ಬರೆದು ಜಾತಿಯ ಹಿಂದೆ ಅಡಗಿಕೊಳ್ಳುವ ಚಾಳಿ ನಮ್ಮಲ್ಲೂ ಇದೆ, ಒಪ್ಪಿಕೊಳ್ಳೋಣ. ಹಾಗಾದರೆ ಯಾವ ವಿಮರ್ಶೆಯನ್ನು ಮನೆಗೆ ಕರೆದುಕೊಳ್ಳಬೇಕು, ಯಾವುದನ್ನು ಬೀದಿಯಲ್ಲಿ ಎದುರಿಸಬೇಕು? ಇದಕ್ಕೊಂದು ಅಳತೆಗೋಲು ಬೇಕು. ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೊಸಪೇಟೆಯಿಂದ 12-13 ಕಿ.ಮೀ. ದೂರದ ಹಂಪಿಗೆ ಹೋದರೆ ಸಾಕು.

ಹಂಪಿಯ ಹರಿಹರ, ಅವನ ಸೋದರಳಿಯ ರಾಘವಾಂಕ. ಅಳಿಯ ಹರಿಶ್ಚಂದ್ರಕಾವ್ಯ ಬರೆದ. ಶಿವನನ್ನೂ ಶರಣರನ್ನೂ ಬಿಟ್ಟು ಸಾಯುವ ಮನುಷ್ಯನನ್ನು ಹಾಡಿದನಲ್ಲಾ ಎಂದು ಮಾವನಿಗೆ ಸಿಟ್ಟು ಬಂತು. ಪಾದುಕೆಯಿಂದ ಹೊಡೆದ, ಅಳಿಯನ ಹಲ್ಲು ಉದುರಿದವು, ಆಮೇಲೆ ಶರಣರ ಚರಿತೆಗಳನ್ನು ಬರೆದ ಮೇಲೆ ಉದುರಿದ ಹಲ್ಲು ಮರಳಿ ಬಂದವು ಎನ್ನುತ್ತದೆ ಐತಿಹ್ಯ. ನಡೆದದ್ದೋ ಕಟ್ಟಿದ್ದೋ, ಅದು ಬೇರೆ ಮಾತು. ಕನ್ನಡದ ನೆನಪಿನಲ್ಲಿ ಉಳಿದ ಅತಿ ಕಟುವಾದ ವಿಮರ್ಶೆ ಇದು. ಇದರಲ್ಲಿ ಮಾವ ಕಾವ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಷಟ್ಪದಿ ಹೇಗಿದೆ, ಸ್ಮಶಾನದ ಪ್ರಸಂಗ ಹೇಗೆ ಬಂದಿದೆ ಎಂಬ ಮಾತಿಲ್ಲ. ಇಂಥವನನ್ನು ಯಾಕೆ ಹಾಡಿದೆ ಎಂಬ ಒಂದೇ ಪ್ರಶ್ನೆ. ವಸ್ತುವಿಗೇ ಮೈಲಿಗೆ.

ಇಷ್ಟಕ್ಕೂ ಹಲ್ಲು ಉದುರಿಸಿದ ಆ ಕಾವ್ಯದಲ್ಲಿ ಇರುವುದೇನು? ವಿಶ್ವಾಮಿತ್ರ ಕಳಿಸಿದ ಅನಾಮಿಕ ಹೆಣ್ಣುಮಕ್ಕಳು ರಾಜನ ಮುಂದೆ ಹಾಡುತ್ತಾರೆ. ಅವನು ಮೆಚ್ಚುತ್ತಾನೆ. ನಮ್ಮನ್ನು ಮದುವೆಯಾಗು ಎಂದರೆ ಹೊಲತಿಯರೆಂದು ದೂರ ಸರಿಯುತ್ತಾನೆ. ಆಗ ಅವರು ಕೇಳುವ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ನಮ್ಮ ಹಾಡು ಕೇಳಿದ ಕಿವಿಗೆ, ರೂಪ ನೋಡಿದ ಕಣ್ಣಿಗೆ ತಟ್ಟದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ತಟ್ಟುತ್ತದೆ? ಸತ್ಯವಂತನೆಂದು ಹೆಸರಾದ ದೊರೆಯ ಹತ್ತಿರ ಇದಕ್ಕೆ ಉತ್ತರವಿಲ್ಲ. ಹೊಡೆದು ಓಡಿಸುತ್ತಾನೆ. ಕೊನೆಗೆ ಅದೇ ದೊರೆ ವೀರಬಾಹುಕನೆಂಬ ಹೊಲೆಯನಿಗೆ ಆಳಾಗಿ ಸ್ಮಶಾನ ಕಾಯುತ್ತಾನೆ.

ನನಗೆ ಬೇಕಾದ ಅಳತೆಗೋಲು ಈ ಹೆಣ್ಣುಮಕ್ಕಳ ಪ್ರಶ್ನೆಯಲ್ಲಿದೆ. ಹಾಡು ಕೇಳುತ್ತೇನೆ, ಮುಟ್ಟುವುದಿಲ್ಲ ಎನ್ನುವುದು ಅಸ್ಪೃಶ್ಯತೆಯ ತರ್ಕ. ವಿಮರ್ಶೆಯಲ್ಲೂ ಅದೇ ನಡೆಯುತ್ತದೆ. ಒಂದು ಮುಟ್ಟಿದ ವಿಮರ್ಶೆ, ಇನ್ನೊಂದು ಮುಟ್ಟದ ವಿಮರ್ಶೆ. ಪುಸ್ತಕದ ಸಾಲಿಗೆ ಕೈ ಹಾಕಿ, ಇಲ್ಲಿ ಈ ಪದ ಸಡಿಲ, ಇಲ್ಲಿ ಕತೆ ಕಾಲು ಮುರಿದುಕೊಂಡಿದೆ ಎಂದು ತೋರಿಸುವುದು ಮುಟ್ಟಿದ ವಿಮರ್ಶೆ. ಅದು ಎಷ್ಟೇ ಕಟುವಾಗಿರಲಿ, ಬರೆದವನನ್ನು ಸಮಾನನೆಂದು ಎಣಿಸಿರುತ್ತದೆ. ಸಂಯಮವಿಲ್ಲ, ಕಲೆಯಾಗಿಲ್ಲ, ಬರೀ ಘೋಷಣೆ ಎಂದು ದೂರದಿಂದ ನೀರು ಹೊಯ್ದ ಹಾಗೆ ಹೇಳುವುದು ಮುಟ್ಟದ ವಿಮರ್ಶೆ. ಅಷ್ಟೇ ಅಲ್ಲ, 'ಮೊದಲ ತಲೆಮಾರಿನ ಬರಹಗಾರ, ಪ್ರೋತ್ಸಾಹಿಸಬೇಕು' ಎಂಬ ಹೊಗಳಿಕೆ ಇದೆಯಲ್ಲ, ಅದೂ ಮುಟ್ಟದ ವಿಮರ್ಶೆಯೇ. ಬೈದದ್ದು ಮರೆತುಹೋಗಬಹುದು, ಕರುಣೆಯಿಂದ ಹೊಗಳಿದ್ದು ಬರಹಗಾರನನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ.

ಮುಟ್ಟದ ವಿಮರ್ಶೆಯ ಬೆನ್ನು ಹತ್ತಿ ಬರೆಯಲು ಹೊರಟರೆ ಎಲ್ಲಿಗೆ ಹೋಗುತ್ತೇವೆ? ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಆ ಕಾಲದ ದಲಿತ ಕಾವ್ಯಕ್ಕೆಲ್ಲ ಘೋಷಣೆ ಎಂಬ ಹಣೆಪಟ್ಟಿ ಅಂಟಿತು. 1990ರ ದಶಕದಲ್ಲಿ ಅವರು 'ಊರುಕೇರಿ' ಬರೆದು ನಕ್ಕರು, ನಗಿಸಿದರು. ಆಗ ಸಿಟ್ಟು ಎಲ್ಲಿ ಹೋಯಿತು ಎಂಬ ತಕರಾರು. ಸಿಟ್ಟಾದರೆ ಘೋಷಣೆ, ನಕ್ಕರೆ ರಾಜಿ. ಇಂಥವರನ್ನು ಮೆಚ್ಚಿಸಿ ಬರೆಯುವುದು ಯಾರಿಂದ ಸಾಧ್ಯ?

ದೇವನೂರ ಮಹಾದೇವರ 'ಕುಸುಮಬಾಲೆ'ಯದು ಇನ್ನೊಂದು ಕತೆ. ನಂಜನಗೂಡು ಸೀಮೆಯ ಆಡುಮಾತಿನ ಆ ಕೃತಿ ಅರ್ಥವಾಗುವುದಿಲ್ಲ, ಅದನ್ನು ಕನ್ನಡಕ್ಕೆ ಅನುವಾದಿಸಬೇಕು ಎಂದು ಆಡಿಕೊಂಡವರಿದ್ದರು. ಹಳಗನ್ನಡಕ್ಕೆ ಟಿಪ್ಪಣಿ ಇಟ್ಟುಕೊಂಡು ಓದುವವರಿಗೆ ಕೇರಿಯ ಕನ್ನಡಕ್ಕೆ ಕಿವಿಗೊಡುವುದು ಕಷ್ಟವಾಯಿತು. ಅವರಿಗಾಗಿ ಮಹಾದೇವ ಅದನ್ನು ಶಿಷ್ಟಗನ್ನಡಕ್ಕೆ ತಿದ್ದಿ ಬರೆಯಲಿಲ್ಲ. ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2015ರಲ್ಲಿ ಇಂಗ್ಲಿಷಿಗೂ ಹೋಯಿತು. ನಮ್ಮ ಸಂಡೂರಿನ ಗಣಿ ಕೂಲಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲಕ್ಕೆ ಅದಿರನ್ನು ಜರಡಿ ಹಿಡಿದು ಗಟ್ಟಿಯನ್ನು ಲಾರಿಗೆ ತುಂಬಿ, ಕೆಳಗೆ ಬಿದ್ದ ಪುಡಿಯನ್ನು ಬೇಡವೆಂದು ಗುಡ್ಡೆ ಹಾಕುತ್ತಿದ್ದರು. 2000ದ ನಂತರ ಚೀನಾದಿಂದ ಬೇಡಿಕೆ ಬಂದಾಗ ಅದೇ ಪುಡಿಗೆ ಬೆಲೆ ಬಂತು. ಮಣ್ಣು ಬದಲಾಗಿರಲಿಲ್ಲ, ಕೊಳ್ಳುವವರು ಬದಲಾಗಿದ್ದರು. ಜರಡಿಯ ಕಣ್ಣು ಎಷ್ಟಿರಬೇಕೆಂದು ನಿಗದಿ ಮಾಡಿದವರು ಯಾರು ಎಂದು ಕೇಳದೆ, ಕೆಳಗೆ ಬಿದ್ದದ್ದೆಲ್ಲ ಧೂಳು ಎಂದು ಒಪ್ಪಿಕೊಳ್ಳುವ ಹಾಗಿಲ್ಲ.

ಇನ್ನು ನಮಗೆ ಸಂಯಮ ಕಲಿಸುವವರು ತಮ್ಮ ಮೇಲೆ ವಿಮರ್ಶೆ ಬಂದಾಗ ಹೇಗೆ ನಡೆದುಕೊಂಡರು? 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ಒಬ್ಬ ದಲಿತ ಇಡೀ ಕನ್ನಡ ಸಾಹಿತ್ಯಕ್ಕೆ ಬರೆದ ಒಂದು ಪದದ ವಿಮರ್ಶೆ ಅದು. ಅದಕ್ಕೆ ಉತ್ತರವಾಗಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು, ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ಅವರ ಮಾತಿನ ಪರವಾಗಿ ನಿಂತ ದೊಡ್ಡ ಲೇಖಕರಲ್ಲಿ ಕುವೆಂಪು ಒಬ್ಬರು. ನ್ಯಾಯವಾಗಿ ಹೇಳುವುದಾದರೆ ಬೂಸಾ ಎಂಬುದೂ ಸಾಲು ಹಿಡಿದು ತೋರಿಸಿದ ವಿಮರ್ಶೆಯಲ್ಲ. ಆದರೆ ಅದಕ್ಕೆ ಪುಸ್ತಕ ತೆಗೆದು ತೋರಿಸಿ ಉತ್ತರ ಕೊಡಬಹುದಿತ್ತು, ಹಾಸ್ಟೆಲಿನ ಹುಡುಗರನ್ನು ಹೊಡೆದಲ್ಲ. ಕಟುವಿಮರ್ಶೆಯನ್ನು ಹೇಗೆ ಎದುರಿಸಬಾರದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಆ ಏಟಿನ ಉರಿಯಿಂದಲೇ ದಲಿತ ಚಳವಳಿ ಸಂಘಟಿತವಾಯಿತು, ಹೊಸ ಸಾಹಿತ್ಯವೂ ಹುಟ್ಟಿತು.

ಹೇಗೆ ಎದುರಿಸಬೇಕು ಎಂಬುದನ್ನು ಬಾಬಾಸಾಹೇಬರು ಅದಕ್ಕೂ ಬಹಳ ಮುಂಚೆಯೇ ತೋರಿಸಿಕೊಟ್ಟಿದ್ದರು. ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ ಅವರನ್ನು 1936ರ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಪ್ರತಿ ನೋಡಿ ಗಾಬರಿಯಾಗಿ, ಕೆಲವು ಭಾಗ ತೆಗೆಯಿರಿ ಎಂದಿತು. ಅಂಬೇಡ್ಕರ್ ಒಪ್ಪಲಿಲ್ಲ, ಸಮ್ಮೇಳನ ರದ್ದಾಯಿತು. ಆಡದೇ ಉಳಿದ ಭಾಷಣವನ್ನು ತಾವೇ ಖರ್ಚು ಹಾಕಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಎರಡೇ ತಿಂಗಳಲ್ಲಿ ಪ್ರತಿಗಳು ಮುಗಿದವು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ವಾದವನ್ನು ಒಪ್ಪಲಿಲ್ಲ, ಎಂಟಾಣೆ ಬೆಲೆ ಹೆಚ್ಚಾಯಿತು ಎಂದೂ ಹೇಳಿದರು. ದೇಶದಲ್ಲೇ ಅತಿ ದೊಡ್ಡ ಹೆಸರಿನ ಮನುಷ್ಯ ಬರೆದ ಪ್ರತಿಕೂಲ ವಿಮರ್ಶೆ. ಅಂಬೇಡ್ಕರ್ ಏನು ಮಾಡಿದರು? 1937ರ ಎರಡನೆಯ ಮುದ್ರಣದಲ್ಲಿ ಆ ವಿಮರ್ಶೆಯನ್ನು ತಮ್ಮ ಪುಸ್ತಕದೊಳಗೇ ಸೇರಿಸಿದರು. ಅದರ ಪಕ್ಕದಲ್ಲಿ ತಮ್ಮ ಉತ್ತರವನ್ನಿಟ್ಟರು. ಓದುಗ ಎರಡನ್ನೂ ಓದಿ ತೀರ್ಮಾನ ಮಾಡಲಿ ಎಂದರು. ಬೈದವರ ಮಾತನ್ನು ಮುಚ್ಚಿಡದೆ ನಾಲ್ಕು ಜನರ ಮುಂದೆ ಇಡಬೇಕಾದರೆ ತಾನು ಬರೆದದ್ದರ ಮೇಲೆ ನಂಬಿಕೆ ಇರಬೇಕು.

ಆದರೆ ಎಲ್ಲ ವಿಮರ್ಶೆಗೂ ಉತ್ತರ ಬರೆಯುತ್ತ ಕೂರಲು ಆಗುವುದಿಲ್ಲ. ಇಲ್ಲಿ ನನಗೆ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ನೆನಪಾಗುತ್ತಾರೆ. ಬುಡ್ಗ ಜಂಗಮ ಸಮುದಾಯದ ಈ ಬುರ್ರಕಥಾ ಗಾಯಕಿ ತೀರಿಕೊಂಡದ್ದು 2014ರಲ್ಲಿ. ಓದುಬರಹ ಇರಲಿಲ್ಲ. ಉದ್ದುದ್ದ ಕಾವ್ಯಗಳು ಬಾಯಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವುಗಳಲ್ಲಿ ಕೆಲವನ್ನು ಬರೆಸಿ ಅಚ್ಚು ಹಾಕಿತು, ನಾಡೋಜ ಗೌರವ ಕೊಟ್ಟಿತು. ಊರೂರು ತಿರುಗಿ ಹಾಡುವ ಇಂಥ ಕಲಾವಿದರಿಗೆ ವಿಮರ್ಶೆ ಮುಂದಿನ ತಿಂಗಳ ಪತ್ರಿಕೆಯಲ್ಲಿ ಬರುವುದಿಲ್ಲ, ಹಾಡುತ್ತಿರುವಾಗಲೇ ಬರುತ್ತದೆ. ಕತೆ ಸಪ್ಪೆಯಾದರೆ ಹಿಂದೆ ಕೂತವರು ತೂಕಡಿಸುತ್ತಾರೆ, ಒಬ್ಬೊಬ್ಬರೇ ಎದ್ದು ಹೋಗುತ್ತಾರೆ, ಬೆಳಿಗ್ಗೆ ಜೋಳಿಗೆಗೆ ಕಾಳು ಕಮ್ಮಿ ಬೀಳುತ್ತದೆ. ಹಾಡುವವರು ಅಳುತ್ತ ಕೂರುವುದಿಲ್ಲ, ಕತೆಯನ್ನು ಬಿಡುವುದೂ ಇಲ್ಲ. ಮುಂದಿನ ಊರಿನಲ್ಲಿ ಆ ಜಾಗವನ್ನು ಮೊಟಕು ಮಾಡುತ್ತಾರೆ, ಇಲ್ಲವೇ ದನಿ ಬದಲಿಸುತ್ತಾರೆ. ಕೇಳುವವರ ಮುಖ ನೋಡಿ ತಿದ್ದಿಕೊಳ್ಳುವ ಈ ಗಟ್ಟಿತನ ನಮ್ಮ ಹಿರಿಯರದು. ಅಚ್ಚಿನ ಲೋಕಕ್ಕೆ ಬಂದ ನಾವು ಅದನ್ನು ದಾರಿಯಲ್ಲಿ ಕಳಕೊಂಡಿದ್ದೇವೇನೋ.

ಆದ್ದರಿಂದ ಕಂಪ್ಲಿಯ ಆ ತಮ್ಮನಿಗೂ ಅವನಂಥ ಗೆಳೆಯ ಗೆಳತಿಯರಿಗೂ ನಾನು ಹೇಳುವುದು ಇಷ್ಟು. ವಿಮರ್ಶೆ ಬಂದ ದಿನವೇ ಉತ್ತರ ಬರೆಯಬೇಡಿ. ಸಿಟ್ಟು ಇಳಿಯಲಿ. ಆಮೇಲೆ ಪೆನ್ಸಿಲ್ ಹಿಡಿದು ಕೂತು, ಇದರಲ್ಲಿ ನನ್ನ ಪುಸ್ತಕವನ್ನು ಮುಟ್ಟಿದ ವಾಕ್ಯಗಳೆಷ್ಟು ಎಂದು ಗೆರೆ ಎಳೆಯಿರಿ. ಒಂದೂ ಇಲ್ಲದಿದ್ದರೆ ಆ ವಿಮರ್ಶಕ ಪುಸ್ತಕದ ಬಗ್ಗೆ ಬರೆದಿಲ್ಲ, ನಿಮ್ಮ ಕೇರಿಯ ಬಗ್ಗೆ ಬರೆದಿದ್ದಾನೆ. ಅದಕ್ಕೆ ಒಬ್ಬರೇ ಕೂತು ಕೊರಗುವ ಅಗತ್ಯವಿಲ್ಲ. ಸಂಘಟನೆಯ ಸಭೆಯಲ್ಲಿ ಓದಿ, ಚರ್ಚೆಗೆ ಇಡಿ. ಒಂದೆರಡು ವಾಕ್ಯ ಮುಟ್ಟಿದ್ದರೆ ಅವನ್ನು, ಬರೆದವನ ಜಾತಿ ನೋಡದೆ, ಮನೆಗೆ ಒಯ್ಯಿರಿ. ಆ ಪದ್ಯವನ್ನು ಅವ್ವನ ಮುಂದೆ, ಓಣಿಯವರ ಮುಂದೆ ಗಟ್ಟಿಯಾಗಿ ಓದಿ. ಎಲ್ಲಿ ಅವರು ಆಕಳಿಸುತ್ತಾರೋ ಅಲ್ಲಿ ವಿಮರ್ಶಕ ಸರಿ ಇದ್ದಾನೆ.

ಕೊನೆಯ ಮಾತು ನಮಗೇ, ಅಂದರೆ ದಲಿತ ವಿಮರ್ಶೆ ಬರೆಯಲು ಹೊರಟವರಿಗೆ. ನಮ್ಮವನ ಪುಸ್ತಕ ಎಂದು ಬೆನ್ನು ತಟ್ಟಿ ಕಳಿಸುವುದನ್ನು ನಾವು ಎಷ್ಟು ಸಲ ಮಾಡಿಲ್ಲ? ಆ ಹುಡುಗನ ಸಂಕಲನವನ್ನು ಬಿಡುಗಡೆಯ ದಿನ ವೇದಿಕೆಯ ಮೇಲೆ ನಾನೂ ಹೊಗಳಿದ್ದೆ. ಪೂರ್ತಿ ಓದಿರಲಿಲ್ಲ. ಮಿರ್ಚಿ ಅಂಗಡಿಯಿಂದ ಮನೆಗೆ ಬಂದು ಓದಿದೆ. ನಲವತ್ತು ಪದ್ಯಗಳಲ್ಲಿ ಆರು ನಿಲ್ಲುತ್ತವೆ. ಅವ್ವನ ಕೈಯ ಕೆಸರಿನ ಬಗ್ಗೆ ಬರೆದದ್ದನ್ನು ಇನ್ನೊಬ್ಬರು ಬರೆಯಲಾರರು. ಉಳಿದವುಗಳಲ್ಲಿ ಸಭೆಯಲ್ಲಿ ಕೇಳಿದ ಮಾತು ಹಾಗೇ ಕೂತಿದೆ. ಇದನ್ನು ಪುಟ, ಸಾಲು ಹಾಕಿ ಅವನಿಗೆ ನಾಲ್ಕು ಹಾಳೆ ಬರೆದು ಕಳಿಸಿದ್ದೇನೆ. ಅವನಿಗೆ ನೋವಾಗಿರಬಹುದು. ಇನ್ನೂ ಉತ್ತರ ಬಂದಿಲ್ಲ, ಕಾಯುತ್ತಿದ್ದೇನೆ.