ತೇಜಸ್ವಿ ಇಷ್ಟ ಎಂದರೆ ಸಾಲದು

ಓದಿನಿಂದ ಹುಟ್ಟಿದ ಆನ್‌ಲೈನ್ ಸ್ನೇಹಗಳ ಬಗ್ಗೆ ಕನ್ನಡದಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಮೊದಲನೆಯದು ಪುಸ್ತಕ ಬಿಡುಗಡೆಯ ವೇದಿಕೆಯಿಂದ ಕೇಳಿಬರುವುದು: ಊರು, ಜಾತಿ, ವಯಸ್ಸು ಯಾವುದೂ ಗೊತ್ತಿಲ್ಲದ ಇಬ್ಬರನ್ನು ಒಬ್ಬ ಲೇಖಕ ಹತ್ತಿರ ತಂದ, ಇದಕ್ಕಿಂತ ಶುದ್ಧವಾದ ಸ್ನೇಹ ಇನ್ನೊಂದುಂಟೆ? ಎರಡನೆಯದು ಅದೇ ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಹಿರಿಯರು ಆಡುವುದು: ಇದೆಲ್ಲ ಲೈಕಿನ ಸ್ನೇಹ, ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಹತ್ತಿ ಕೂತವರ ಸುಖ ಇವರಿಗೇನು ಗೊತ್ತು? ಮೇಲ್ನೋಟಕ್ಕೆ ಎದುರುಬದುರಾಗಿರುವ ಈ ಮಾತುಗಳ ಬುಡ ಒಂದೇ. ಓದುಗರ ಸ್ನೇಹಕ್ಕೆ ಸಮಾನ ಅಭಿರುಚಿಯೇ ಆಧಾರ ಎಂದು ಇಬ್ಬರೂ ನಂಬಿದ್ದಾರೆ. ಅದು ಪರದೆಯ ಮೇಲೆ ನಿಲ್ಲುತ್ತದೋ ಇಲ್ಲವೋ ಎಂಬುದಷ್ಟೇ ಅವರ ಜಗಳ. ನನ್ನ ತಕರಾರು ಆ ನಂಬಿಕೆಯ ಮೇಲೆಯೇ. ಇಂಥ ಸ್ನೇಹಗಳಿಂದ ನಾನು ಪಡೆದದ್ದು ಕಡಿಮೆಯೇನಲ್ಲ, ಹಾಗಾಗಿ ಅವನ್ನು ತಪ್ಪು ಕಾರಣಕ್ಕೆ ಹೊಗಳುವುದನ್ನು ಕೇಳಿಕೊಂಡು ಸುಮ್ಮನಿರುವುದು ಕಷ್ಟ.

ಪೂರ್ಣಚಂದ್ರ ತೇಜಸ್ವಿಯವರನ್ನೇ ತೆಗೆದುಕೊಳ್ಳಿ. ಕನ್ನಡದ ಆನ್‌ಲೈನ್ ಓದುಗರನ್ನು ಇವರಷ್ಟು ಒಟ್ಟುಗೂಡಿಸಿದ ಲೇಖಕ ಇನ್ನೊಬ್ಬರಿರಲಾರರು. ಕನ್ನಡ ತಂತ್ರಾಂಶಕ್ಕಾಗಿ ಅಷ್ಟೊಂದು ತಲೆ ಕೆಡಿಸಿಕೊಂಡಿದ್ದ ಅವರು 2007ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ನಮ್ಮವರು ಇನ್ನೂ ಆರ್ಕುಟ್ಟಿನಲ್ಲಿದ್ದರು. ಫೇಸ್‌ಬುಕ್ಕಿನ ತೇಜಸ್ವಿ ಪೂರ್ತಿಯಾಗಿ ಓದುಗರು ಕಟ್ಟಿಕೊಂಡ ತೇಜಸ್ವಿ. ಅಲ್ಲಿ ‘ಕರ್ವಾಲೊ ಓದಿದ್ದೀರಾ?’ ಎಂದು ಕೇಳಿದಾಗ ‘ಎಷ್ಟು ಸಲ ಅಂತ ಕೇಳಿ’ ಎಂಬ ಉತ್ತರ ಬಂದರೆ ಫ್ರೆಂಡ್ ರಿಕ್ವೆಸ್ಟ್ ಹೋಯಿತೆಂದೇ ಲೆಕ್ಕ. ಆದರೆ ಆ ಉತ್ತರದಿಂದ ಎದುರಿನವರ ಬಗ್ಗೆ ಗೊತ್ತಾದದ್ದೇನು? ಆ ಕಾದಂಬರಿಯಲ್ಲಿ ಹಾರುವ ಓತಿಯ ಬೆನ್ನು ಹತ್ತಿದ ತಂಡದಲ್ಲಿ ಒಬ್ಬರಿಗೆ ವಿಜ್ಞಾನಿ ಕರ್ವಾಲೊ ಬೇಕು, ಇನ್ನೊಬ್ಬರಿಗೆ ಮಂದಣ್ಣನೇ ಆಗಬೇಕು, ಮತ್ತೊಬ್ಬರಿಗೆ ನಾಯಿ ಕಿವಿ ಇದ್ದರೆ ಸಾಕು. ಮಲೆನಾಡಿನ ಗುಡ್ಡ ಕಡಿದು ರೆಸಾರ್ಟ್ ಕಟ್ಟುವವನಿಗೂ ತೇಜಸ್ವಿ ಇಷ್ಟ, ಅದರ ವಿರುದ್ಧ ಅರ್ಜಿ ಹಾಕುವವನಿಗೂ ಇಷ್ಟ. ಇಷ್ಟು ಜನರಿಗೆ ಬೇಕಾದ ಲೇಖಕ ಯಾರ ಗುರುತಿನ ಚೀಟಿಯೂ ಆಗಲಾರ. ತೇಜಸ್ವಿಯವರ ಹೆಸರಿನಲ್ಲಿ ಫೋನಿಂದ ಫೋನಿಗೆ ಓಡಾಡುವ ಎಷ್ಟೋ ಸಾಲುಗಳಿಗೆ ಪುಸ್ತಕದ ಹೆಸರೂ ಇರುವುದಿಲ್ಲ, ಪುಟವೂ ಇರುವುದಿಲ್ಲ. ‘ಇದು ಯಾವ ಪುಸ್ತಕದಲ್ಲಿದೆ?’ ಎಂದು ಕೇಳಿ ನೋಡಿ. ನೂರು ಜನ ಹೃದಯದ ಚಿಹ್ನೆ ಒತ್ತಿದ ಕಡೆ ನೀವೊಬ್ಬರೇ ರಸಭಂಗ ಮಾಡಿದವರಾಗುತ್ತೀರಿ. ಲೇಖಕ ಬರೆದಿದ್ದಾನೋ ಇಲ್ಲವೋ ಖಚಿತವಿಲ್ಲದ ವಾಕ್ಯವೊಂದನ್ನು ಇಬ್ಬರೂ ಮೆಚ್ಚಿದ್ದರಿಂದ ಹುಟ್ಟಿದ ಸ್ನೇಹವನ್ನು ಓದಿನ ಸ್ನೇಹವೆಂದು ಯಾವ ಲೆಕ್ಕದಲ್ಲಿ ಕರೆಯುವುದು?

ದೂರದ ಪುಸ್ತಕಸ್ನೇಹಕ್ಕೆ ಎಲ್ಲರೂ ಮುಂದಿಡುವ ಸಾಕ್ಷಿ ‘84, ಚೇರಿಂಗ್ ಕ್ರಾಸ್ ರೋಡ್’. ನ್ಯೂಯಾರ್ಕಿನ ಹೆಲೆನ್ ಹ್ಯಾನ್ಫ್ 1949ರ ಅಕ್ಟೋಬರಿನಲ್ಲಿ ಲಂಡನ್ನಿನ ಮಾರ್ಕ್ಸ್ ಆ್ಯಂಡ್ ಕೋ ಎಂಬ ಹಳೆಯ ಪುಸ್ತಕಗಳ ಅಂಗಡಿಗೆ ತನಗೆ ಬೇಕಾದ ಪುಸ್ತಕಗಳ ಪಟ್ಟಿ ಕಳಿಸಿದರು. ಅಲ್ಲಿನ ಫ್ರ್ಯಾಂಕ್ ಡೋಯೆಲ್ ಜೊತೆ ಶುರುವಾದ ಪತ್ರವ್ಯವಹಾರ ಹೆಚ್ಚುಕಡಿಮೆ 20 ವರ್ಷ ನಡೆಯಿತು. 1968ರ ಡಿಸೆಂಬರಿನಲ್ಲಿ ಡೋಯೆಲ್ ತೀರಿಕೊಂಡರು. ಇಬ್ಬರೂ ಮುಖ ನೋಡಿರಲೇ ಇಲ್ಲ. 1970ರಲ್ಲಿ ಪತ್ರಗಳು ಪುಸ್ತಕವಾಗಿ ಬಂದವು. ಪುಸ್ತಕಪ್ರೀತಿಯೇ ಇವರಿಬ್ಬರನ್ನು ಬೆಸೆಯಿತು ಎಂಬುದು ರೂಢಿಯ ವ್ಯಾಖ್ಯಾನ. ಪತ್ರಗಳನ್ನು ಓದಿದರೆ ಕಾಣುವುದು ಬೇರೆ. ಡೋಯೆಲ್‌ಗೆ ಯಾವ ಲೇಖಕ ಪ್ರಾಣ ಎಂಬುದು ನಮಗೆ ತಿಳಿಯುವುದೇ ಇಲ್ಲ ಎನ್ನಬೇಕು. ಹ್ಯಾನ್ಫ್‌ಗಂತೂ ಕಾದಂಬರಿಗಳೆಂದರೆ ಅಷ್ಟಕ್ಕಷ್ಟೆ. ಪತ್ರಗಳ ತುಂಬ ಇರುವುದು ಆರ್ಡರು, ಬಿಲ್ಲು, ಪೌಂಡು–ಡಾಲರಿನ ಲೆಕ್ಕ, ಕೇಳಿದ್ದು ಇನ್ನೂ ಯಾಕೆ ಬಂದಿಲ್ಲ ಎಂಬ ಬೈಗುಳ. ಯುದ್ಧ ಮುಗಿದು ವರ್ಷಗಳಾದರೂ ಬ್ರಿಟನ್ನಿನಲ್ಲಿ ರೇಷನ್ ಮುಗಿದಿರಲಿಲ್ಲ. ಈಕೆ ಅಂಗಡಿಯವರಿಗೆಲ್ಲ ಹಂದಿಮಾಂಸದ ಪಾರ್ಸೆಲ್ ಕಳಿಸುತ್ತಾರೆ, ಕಳಿಸಿಯಾದ ಮೇಲೆ ಮಾಲೀಕರು ಯೆಹೂದಿಗಳಾಗಿದ್ದರೆ ಏನು ಗತಿ ಎಂದು ಗಾಬರಿಯಾಗುತ್ತಾರೆ. ಆ ಪುಸ್ತಕದಲ್ಲಿ ಸ್ನೇಹವೆಂಬುದು ನನಗೆ ಕಣ್ಣಿಗೆ ಕಟ್ಟುವುದು ಆ ಗಾಬರಿಯಲ್ಲಿ. ಒಬ್ಬರಿಗೆ ಪುಸ್ತಕ ಸಿಗದು, ಇನ್ನೊಬ್ಬರಿಗೆ ಮಾಂಸ, ಮೊಟ್ಟೆ ಸಿಗದು. ಇದರಿಂದ ನಡೆದ ಕೊಡುಕೊಳ್ಳುವಿಕೆ, ಅದು ಹೊರಿಸಿದ ಋಣ, ಇವೇ ಅವರನ್ನು ಅಷ್ಟು ವರ್ಷ ಹಿಡಿದಿಟ್ಟವು. ರುಚಿ ಕೂಡಿಬಂದರೆ ಒಳ್ಳೆಯದೇ; ಕೂಡಿಬಾರದಿದ್ದರೂ ಇಂಥ ಸ್ನೇಹ ನಡೆಯುತ್ತದೆ.

ನಮ್ಮಲ್ಲಂತೂ ಅಭಾವಕ್ಕೆ ಅಭಾವವಿಲ್ಲ. ಕನ್ನಡ ಪುಸ್ತಕದ ಮೊದಲ ಮುದ್ರಣವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಸಗಟು ಖರೀದಿಗೆ ಆಯ್ಕೆಯಾದರೆ ಅದರಲ್ಲಿ 300 ಗ್ರಂಥಾಲಯ ಇಲಾಖೆಗೆ ಹೋಗುತ್ತವೆ. ಬೆಂಗಳೂರು, ಮೈಸೂರು, ಧಾರವಾಡದಂಥ ಕೆಲವು ಊರು ಬಿಟ್ಟರೆ ತಾಲ್ಲೂಕುಗಳ ಪುಸ್ತಕದಂಗಡಿಯಲ್ಲಿ ಸಿಗುವುದು ಗೈಡು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು. ಲಿಂಗಸುಗೂರಿನ ಮೇಷ್ಟ್ರಿಗೂ ದೋಹಾದ ಎಂಜಿನಿಯರಿಗೂ ಈ ವಿಷಯದಲ್ಲಿ ಕಷ್ಟ ಒಂದೇ. ಹೀಗಾಗಿ ನಮ್ಮ ಆನ್‌ಲೈನ್ ಓದುಗರ ನಡುವೆ ಅತಿ ಹೆಚ್ಚು ಓಡಾಡುವ ವಾಕ್ಯ ‘ಈ ಪುಸ್ತಕ ಯಾರ ಹತ್ತಿರವಾದರೂ ಇದೆಯಾ?’ ಎಂಬುದು. ಅಭಿರುಚಿಯ ಸಿದ್ಧಾಂತಿಗಳು ಈ ವಾಕ್ಯವನ್ನು ಗಮನಿಸುವುದೇ ಇಲ್ಲ.

ಯಶವಂತ ಚಿತ್ತಾಲರ ಮೊದಲ ಕಥಾಸಂಕಲನ ‘ಸಂದರ್ಶನ’ 1957ರದ್ದು. ಅದರ ಹಳೆಯ ಪ್ರತಿಯ ಕೆಲವು ಪುಟ ನನಗೆ ಬೇಕಾಗಿತ್ತು; ನಾನೂ ಅದೇ ವಾಕ್ಯ ಬರೆದು ಹಾಕಿದೆ. ಥಾಣೆಯ ಒಬ್ಬ ಮಹಿಳೆ, ಆವರೆಗೆ ಒಂದು ಮಾತೂ ಆಡಿರದವರು, ರಾತ್ರಿ ಅಡುಗೆ ಮುಗಿಸಿ ಪುಟಗಳ ಫೋಟೋ ತೆಗೆದು ಕಳಿಸಿದರು. ಪ್ರತಿ ಚಿತ್ರದ ಮೂಲೆಯಲ್ಲಿ ಪುಟ ಒತ್ತಿ ಹಿಡಿದ ಹೆಬ್ಬೆರಳು, ಉಗುರಂಚಿಗೆ ಅರಿಶಿನ, ಕೆಳಗೆ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹೊದಿಸಿದ ಊಟದ ಮೇಜು. ಮಸುಕಾಗಿ ಬಂದ ಪುಟಗಳನ್ನು ತಾವಾಗಿಯೇ ಮತ್ತೆ ತೆಗೆದು ಕಳಿಸಿದ್ದರು. ಧನ್ಯವಾದ ಹೇಳುತ್ತಾ ‘ನೀವೂ ಚಿತ್ತಾಲರ ಓದುಗರು ಅಂತ ಗೊತ್ತಾಗಿ ಸಂತೋಷವಾಯ್ತು ಮೇಡಂ’ ಎಂದು ಬರೆದೆ. ‘ಇಲ್ಲ ಸರ್, ಇವು ಮಾವನವರ ಪುಸ್ತಕ. ನನಗೆ ಚಿತ್ತಾಲರು ಸ್ವಲ್ಪ ಎಳೀತಾರೆ ಅನ್ನಿಸುತ್ತೆ’ ಎಂದರು. ಮುಂದೆ ಚಿತ್ತಾಲರ ‘ಶಿಕಾರಿ’ ಕಾದಂಬರಿಯ ಬಗ್ಗೆ ನಮ್ಮಿಬ್ಬರಿಗೆ ದೊಡ್ಡ ವಾಗ್ವಾದವೇ ನಡೆಯಿತು. ಅದರ ನಾಯಕ ನಾಗಪ್ಪನನ್ನು ಕಂಪನಿಯ ಸಂಚಿಗೆ ಸಿಕ್ಕ ಬಲಿ ಎಂದು ಓದಿಕೊಂಡು ಬಂದವನು ನಾನು, ವಿಮರ್ಶೆ ಕಲಿಸಿದ್ದೂ ಅದನ್ನೇ. ಅವರು ಕೆಲಸ ಮಾಡುವುದು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ. ‘ನಿಮ್ಮ ನಾಗಪ್ಪನಿಗೆ ಒಂದು ದಿನ ನನ್ನ ಕುರ್ಚಿಯಲ್ಲಿ ಕೂತುಕೊಳ್ಳೋಕೆ ಹೇಳಿ ಸರ್’ ಎಂದರು. ಅನುಮಾನವೇ ಒಬ್ಬ ಮನುಷ್ಯನ ದಿನಚರಿಯಾದಾಗ ಅವನ ಸುತ್ತಲಿನವರು ಹೇಗೆ ಬದುಕಬೇಕು ಎಂಬುದು ಅವರ ಪ್ರಶ್ನೆ. ಚಿತ್ತಾಲರನ್ನು ಮೆಚ್ಚುವ ಬಳಗದಲ್ಲಿ ಅಷ್ಟು ವರ್ಷ ಇದ್ದರೂ ಆ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ನಾವೆಲ್ಲ ಒಂದೇ ರುಚಿಯವರಲ್ಲವೆ, ಹೊಗಳುವ ಜಾಗಗಳನ್ನು ಮೊದಲೇ ಹಂಚಿಕೊಂಡಿದ್ದೆವು.

ಹೀಗೆ ಪುಟ ಹಂಚಿಕೊಂಡ ಋಣದ ಮಾತು ಬಂದಾಗ ಪಿಡಿಎಫ್‌ನ ಮಾತನ್ನು ಮುಚ್ಚಿಡುವಂತಿಲ್ಲ. ಮರುಮುದ್ರಣ ಕಾಣದ ಪುಸ್ತಕದ ಕೆಲವು ಪುಟ ಓದಲು ಹಂಚಿಕೊಳ್ಳುವುದು ಒಂದು; ಹೋದ ತಿಂಗಳು ಬಂದ, ಅಂಗಡಿಯಲ್ಲಿ ಸಿಗುತ್ತಿರುವ ಕಾದಂಬರಿಯನ್ನು ಪೂರ್ತಿ ಸ್ಕ್ಯಾನ್ ಮಾಡಿ ಹರಿಬಿಡುವುದು ಇನ್ನೊಂದು. ಎರಡನೆಯದು ಕಳ್ಳತನ. ಅದನ್ನು ‘ಜ್ಞಾನ ಹಂಚಿಕೆ’ ಎಂದು ಕರೆಯುವವರ ಜೊತೆ ನನಗೆ ಸ್ನೇಹವಿಲ್ಲ.

ಈಗ ಹಿರಿಯರ ಅಟ್ಟಕ್ಕೆ ಬರೋಣ. ಮುಖಾಮುಖಿ ಕೂತ ಕಾಲದ ಸ್ನೇಹ ಗಟ್ಟಿ ಎನ್ನುವವರು ಬೇಂದ್ರೆಯವರ ಗೆಳೆಯರ ಗುಂಪನ್ನೋ ಹಲಸಂಗಿ ಗೆಳೆಯರನ್ನೋ ನೆನೆಯುತ್ತಾರೆ. ನೆನೆಯಲಿ. ಆದರೆ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ನಂಟು ಗಟ್ಟಿಯಾದದ್ದು ಎದುರೆದುರು ಕೂತದ್ದರಿಂದಲೇ ಎಂಬುದನ್ನು ನಾನು ಒಪ್ಪಲಾರೆ. ಅವರು ಊರೂರಿನ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಕೈಗೆ ಕೆಲಸವಿತ್ತು. ಆನ್‌ಲೈನ್ ಸ್ನೇಹಗಳಲ್ಲೂ ಬಾಳಿಕೆ ಬಂದವು ಇಂಥವೇ: ಹಳೆಯ ಪುಸ್ತಕಗಳನ್ನು ಡಿಜಿಟಲ್ ಮಾಡಲು ಕೂಡಿದವರು, ಕನ್ನಡ ವಿಕಿಪೀಡಿಯಕ್ಕೆ ಲೇಖಕರ ಕುರಿತು ಬರೆಯಲು ಕೂತವರು, ಒಂದು ಪುಸ್ತಕವನ್ನು ವಾರಕ್ಕೊಂದು ಅಧ್ಯಾಯದಂತೆ ಓದಿ ಮುಗಿಸಿದವರು. ‘ಗರತಿಯ ಹಾಡು’ಗಳನ್ನು ಹಾಡಿದ ಗರತಿಯರ ಹೆಸರು ಹಲಸಂಗಿ ಗೆಳೆಯರ ಪಟ್ಟಿಯಲ್ಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಟ್ಟವೂ ಗಂಡಸರ ಅಟ್ಟವೇ. ಸಂಜೆ ಏಳಕ್ಕೆ ಮನೆ ಬಿಟ್ಟು ಹೋಗಿ ಕಾದಂಬರಿಯ ಬಗ್ಗೆ ಹರಟುವ ಸ್ವಾತಂತ್ರ್ಯ ಎಷ್ಟು ಹೆಂಗಸರಿಗಿತ್ತು? ಥಾಣೆಯವರ ಜೊತೆಗಿನ ವಾಗ್ವಾದ ಅಟ್ಟದ ಕಾಲದಲ್ಲಿ ನಡೆಯುವ ಸಾಧ್ಯತೆಯೇ ಇರಲಿಲ್ಲ. ಈ ಒಂದು ಕಾರಣಕ್ಕೆ ನಾನು ಹಿರಿಯರ ವಿರುದ್ಧ ಆನ್‌ಲೈನ್ ಪಕ್ಷ ವಹಿಸುತ್ತೇನೆ.

ಹಾಗೆಂದು ಅಲ್ಲಿ ಎಲ್ಲ ಗೋಡೆಗಳೂ ಬಿದ್ದುಹೋಗಿವೆ ಎಂಬ ವೇದಿಕೆಯ ಮಾತನ್ನೂ ನಂಬುವಂತಿಲ್ಲ. ಹೆಣ್ಣುಮಗಳೊಬ್ಬಳು ಯಾವುದೋ ಪುಸ್ತಕ ಹಿಡಿಸಿತು ಎಂದು ಬರೆದರೆ ಸಾಕು, ಪುಸ್ತಕ ಓದಿಲ್ಲದವರ ‘ಹಾಯ್’ ಇನ್‌ಬಾಕ್ಸಿಗೆ ಬಂದು ಬೀಳುತ್ತದೆ. ಮಹಿಳೆಯರದೇ ಮುಚ್ಚಿದ ಗುಂಪುಗಳು ಹುಟ್ಟಿಕೊಂಡದ್ದು ಸುಮ್ಮನೆ ಅಲ್ಲ. ಜಾತಿ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು ಭ್ರಮೆ; ಹೆಸರಿನ ಕೊನೆ ನೋಡಿ, ಮೆಚ್ಚಿನ ಪುಸ್ತಕಗಳ ಪಟ್ಟಿ ನೋಡಿ ಊಹಿಸುವುದರಲ್ಲಿ ನಮ್ಮವರು ನಿಸ್ಸೀಮರು. ಆ ಪಟ್ಟಿಗಳು ವಧೂವರರ ಬಯೋಡೇಟಾ ಇದ್ದಂತೆ, ಕಾಣಿಸಬೇಕಾದದ್ದಷ್ಟೇ ಅಲ್ಲಿರುತ್ತದೆ. ಕುವೆಂಪು, ಕಾರಂತ, ತೇಜಸ್ವಿ. ಸ್ವಲ್ಪ ಧೈರ್ಯವಿದ್ದವರು ದಲಿತ ಬದುಕಿನ ಕಾದಂಬರಿ ‘ಕುಸುಮಬಾಲೆ’ ಸೇರಿಸುತ್ತಾರೆ. ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕಿಷ್ಟು ಬಾಡಿಗೆ ಕೊಟ್ಟು ತಂದು, ರಾತ್ರೋರಾತ್ರಿ ಮುಗಿಸಿದ ಸಾಯಿಸುತೆ, ಉಷಾ ನವರತ್ನರಾಂ, ಯಂಡಮೂರಿ ಎಲ್ಲಿ ಹೋದರು? ಒಂದು ಪೀಳಿಗೆಗೆ ಓದುವ ಚಟ ಹತ್ತಿಸಿದವರು ಇವರೇ ಅಲ್ಲವೆ? ನಾನು ಕಂಡಂತೆ ಈ ಹೆಸರುಗಳು ಬಾಯಿಗೆ ಬರುವುದು ಪರಿಚಯ ಹಳತಾದ ಮೇಲೆ, ಖಾಸಗಿಯಾಗಿ, ಸ್ವಲ್ಪ ನಾಚಿಕೆಯಿಂದ. ಹಂಚಿಕೊಂಡ ಮೆಚ್ಚಿನ ಲೇಖಕನಿಗಿಂತ, ಬಚ್ಚಿಟ್ಟು ಆಮೇಲೆ ಹೇಳಿದ ಮೆಚ್ಚಿನ ಲೇಖಕ ಸ್ನೇಹದ ಬಗ್ಗೆ ಹೆಚ್ಚು ಹೇಳುತ್ತಾನೆ.

ನನಗೆ ನಿಜಕ್ಕೂ ಚಿಂತೆಯಿರುವುದು ಬೇರೆಯದರ ಬಗ್ಗೆ. ಫೇಸ್‌ಬುಕ್ಕಿನ 5000 ಸ್ನೇಹಿತರ ಮಿತಿಯೊಳಗೆ ಲೇಖಕರೂ ಇದ್ದಾರೆ, ಪ್ರಕಾಶಕರೂ ಇದ್ದಾರೆ, ಓದುಗರೂ ಇದ್ದಾರೆ. ಎಲ್ಲರೂ ಎಲ್ಲರ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿದವರೇ. ಇಂಥಲ್ಲಿ ಹೊಸ ಕಾದಂಬರಿ ಬಂದರೆ ಏನಾಗಬೇಕೋ ಅದೇ ಆಗುತ್ತದೆ: ಮುಖಪುಟದ ಜೊತೆ ಸೆಲ್ಫಿ, ‘ಒಂದೇ ಗುಕ್ಕಿನಲ್ಲಿ ಓದಿಸಿಕೊಂಡಿತು’, ‘ಕೊನೆಯ ಪುಟ ಮುಗಿಸಿ ಮೌನಿಯಾದೆ’. ಒಂದು ಕಾದಂಬರಿಯ ಉತ್ತರಾರ್ಧ ಸಡಿಲವಾಗಿದೆ ಎಂದು ನಾನು ಬರೆದಾಗ ಮೂವರು ಗೆಳೆಯರು ಖಾಸಗಿಯಾಗಿ ‘ಸರಿಯಾಗೇ ಹೇಳಿದಿರಿ’ ಎಂದರು. ನನ್ನ ಬರಹದ ಕೆಳಗೆ ಮಾತ್ರ ಒಬ್ಬರ ಸುಳಿವೂ ಇಲ್ಲ. 2007ರಲ್ಲಿ ‘ಆವರಣ’ ಕಾದಂಬರಿ ಬಂದಾಗ ಲೇಖಕ ಅನಂತಮೂರ್ತಿ ಅದನ್ನು ಬಹಿರಂಗವಾಗಿ ಟೀಕಿಸಿದರು, ಪರ–ವಿರೋಧದ ಚರ್ಚೆ ಪತ್ರಿಕೆಗಳನ್ನು ತುಂಬಿತು, ಅದರ ಮೇಲೆ ಪುಸ್ತಕಗಳೂ ಬಂದವು. ಆ ಚರ್ಚೆಯ ಮಟ್ಟದ ಬಗ್ಗೆ ನನಗೆ ಆಕ್ಷೇಪಗಳಿವೆ. ಆದರೂ ಅಲ್ಲಿ ತಕರಾರು ಇದ್ದವರು ಅದನ್ನು ಹೆಸರು ಹಾಕಿ ಬರೆದರು. ಈಗ ಭಿನ್ನಾಭಿಪ್ರಾಯಕ್ಕೆ ಅನ್‌ಫ್ರೆಂಡ್ ಗುಂಡಿ ಇದೆ, ಅದನ್ನು ಒತ್ತಿದ ಸದ್ದೂ ಯಾರಿಗೂ ಕೇಳಿಸುವುದಿಲ್ಲ.

ಈ ಹೊಗಳಿಕೆಗೊಂದು ಗಟ್ಟಿ ಸಮಜಾಯಿಷಿ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಮೊದಲ ಮುದ್ರಣದ ಆ ಸಾವಿರ ಪ್ರತಿಗಳಲ್ಲಿ ಹೆಚ್ಚಿನವು ಖರ್ಚಾಗುವುದೇ ಈ ಸ್ನೇಹಿತರಿಂದ. ಹೊಸ ಪ್ರಕಾಶಕರು ಮುಂಗಡ ಬುಕಿಂಗ್ ನೆಚ್ಚಿಕೊಂಡು ಮುದ್ರಣಕ್ಕೆ ಹೋಗುತ್ತಾರೆ. ಸಣ್ಣ ಊರಿನ ಮೊದಲ ಪುಸ್ತಕದ ಲೇಖಕಿಗೆ ಪತ್ರಿಕೆಯ ವಿಮರ್ಶೆಗಿಂತ ಮೊದಲೇ ಓದುಗರು ಸಿಗುತ್ತಾರೆ. ಬೆನ್ನು ತಟ್ಟುವವರನ್ನು ಬೈದರೆ ಪುಸ್ತಕೋದ್ಯಮ ನಡೆಯುವುದು ಹೇಗೆ ಎಂದು ಕೇಳಿದರೆ, ನ್ಯಾಯವೇ. ಆದರೆ ಈ ಲೆಕ್ಕದಲ್ಲಿ ಬಳಗದ ಹೊರಗಿನ ಓದುಗರು ಸೇರಿಲ್ಲ. ಹೊಸದುರ್ಗದಲ್ಲೋ ಸಿಂಧನೂರಲ್ಲೋ ಕೂತವರು ನಮ್ಮ ‘ಒಂದೇ ಗುಕ್ಕಿನಲ್ಲಿ’ ನಂಬಿ, 300 ರೂಪಾಯಿಯ ಜೊತೆಗೆ ಅಂಚೆ ವೆಚ್ಚವನ್ನೂ ಕೊಟ್ಟು ತರಿಸಿಕೊಳ್ಳುತ್ತಾರೆ. ನಲವತ್ತನೇ ಪುಟಕ್ಕೆ ನಿಂತುಹೋದಾಗ ತಪ್ಪು ತಮ್ಮದೇ, ತಮಗೇ ಸಾಹಿತ್ಯ ತಿಳಿಯದು ಅಂದುಕೊಳ್ಳುತ್ತಾರೆ. ಎರಡನೇ ಸಲವೂ ಹಾಗೇ ಆದರೆ ಹೊಸ ಪುಸ್ತಕ ತರಿಸುವುದನ್ನೇ ಬಿಡುತ್ತಾರೆ. ಲೇಖಕನ ಸ್ನೇಹದ ಋಣವನ್ನು ನಮ್ಮ ಬಳಗಗಳು ಚಾಚೂ ತಪ್ಪದೆ ತೀರಿಸುತ್ತಿವೆ, ತೀರಿಸುತ್ತಿರುವುದು ಮಾತ್ರ ಈ ಅಪರಿಚಿತರ ದುಡ್ಡಿನಲ್ಲಿ.